ಸೀರೆ ಕತ್ತರಿಸಿ ಬರೆದ ಪ್ರಬಂಧ

ಇಳಕಲ್ ಸೀರೆಯ ಬಗ್ಗೆ ನಾನು ಬರೆದ ಮೊದಲ ಸಂಶೋಧನಾ ಪ್ರಬಂಧ, ಕಳಿಸಿದ ಆರನೆಯ ದಿನವೇ ವಾಪಸ್ಸು ಬಂತು. ಪ್ರಬಂಧವನ್ನು ಓದಿ ತೂಗಿನೋಡುವ ಪರಾಮರ್ಶಕರ ಕೈಗೂ ಹೋಗದೆ ಸಂಪಾದಕರ ಮೇಜಿನಿಂದಲೇ ತಿರುಗಿ ಬಂದ ಆ ಇಪ್ಪತ್ತೆರಡು ಪುಟಗಳಲ್ಲಿ ಸೀರೆಯ ಇತಿಹಾಸವಿತ್ತು, ಚಿಕ್ಕಿ, ಗೋಮಿ, ಗಾಡಿ ದಡಿಗಳ ವರ್ಣನೆಯಿತ್ತು, ನೇಕಾರರ ಕಷ್ಟಸುಖವಿತ್ತು, ನಾನೇ ತೆಗೆದ ಹದಿನಾಲ್ಕು ಫೋಟೋಗಳಿದ್ದವು. ಸಂಪಾದಕರ ಪತ್ರ ನಾಲ್ಕೇ ಸಾಲಿನದು ಮತ್ತು ಬಹಳ ಸೌಜನ್ಯದ್ದು: ವಿವರಣೆ ಸೊಗಸಾಗಿದೆ, ಆದರೆ ಈ ಪ್ರಬಂಧ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ ಎಂಬುದು ತಿಳಿಯಲಿಲ್ಲ.

ಉತ್ತರ ಕರ್ನಾಟಕದ ಒಂದು ಗೃಹವಿಜ್ಞಾನ ಕಾಲೇಜಿನಲ್ಲಿ ಜವಳಿ ಮತ್ತು ಉಡುಪು ವಿಭಾಗದ ಅಧ್ಯಾಪಕಿಯಾಗಿರುವ ನನಗೆ ಆ ಪತ್ರ ಓದಿ ಸಿಟ್ಟೇ ಬಂದಿತ್ತು. ನಿವೃತ್ತರಾಗಿರುವ ನನ್ನ ಗುರುಗಳ ಮನೆಗೆ ಹೋಗಿ ಪ್ರಬಂಧವನ್ನೂ ಪತ್ರವನ್ನೂ ಮುಂದಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಮೊದಲ ಐದು ಪುಟ ಓದಿ, ಉಳಿದದ್ದನ್ನು ಬರೀ ತಿರುವಿ ಹಾಕಿ, "ಏನ್ ಕಂಡಿ ಅನ್ನೂದನ್ನ ಛಲೋ ಬರದೀ. ಏನ್ ಕೇಳಿದಿ ಅನ್ನೂದು ಎಲ್ಲೈತಿ?" ಎಂದರು. ಸಂಪಾದಕರು ಇಂಗ್ಲಿಷಿನಲ್ಲಿ ಹೇಳಿದ್ದೂ ಅದನ್ನೇ. ಧಾರವಾಡದ ಮಾತಿನಲ್ಲಿ ಕೇಳಿದ ಮೇಲೆ ಸಿಟ್ಟು ಮಾಡುವುದಕ್ಕೆ ಜಾಗ ಉಳಿಯಲಿಲ್ಲ.

ಪ್ರಶ್ನೆ ಸಿಕ್ಕಿದ್ದು ನಮ್ಮ ಮನೆಯ ಟ್ರಂಕಿನಲ್ಲಿ. ಅಜ್ಜಿಯ ಹತ್ತಿ ಸೀರೆಯೊಂದರ ಸೆರಗಿನಲ್ಲಿ ಕೆಂಪು ಪಟ್ಟಿಗಳ ನಡುವಿನ ಬಿಳಿ ಭಾಗ ಒಗೆದು ಒಗೆದು ತಿಳಿ ಗುಲಾಬಿಗೆ ತಿರುಗಿತ್ತು, ಒಡಲು ಮತ್ತು ಸೆರಗು ಕೂಡುವ ಗೆರೆಯ ಹತ್ತಿರ ಬಟ್ಟೆ ಪಿಸಿದಿತ್ತು. ಇಳಕಲ್ ಸೀರೆಯ ತೋಪು ತೆನೆ ಸೆರಗಿನಲ್ಲಿ ಮೂರು ಕೆಂಪು ಭಾಗಗಳು, ಅವುಗಳ ನಡುವೆ ಎರಡು ಬಿಳಿ ಭಾಗಗಳು ಇರುತ್ತವೆ. ಈ ಸೆರಗಿನ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ಎಳೆಗಳು, ಒಡಲಿನ ಹಾಸಿನ ಮುಂದುವರಿಕೆಯಲ್ಲ. ಒಡಲಿಗೆ ಹತ್ತಿಯ ಹಾಸು ಬೇರೆ, ಸೆರಗಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸಿದ ಮೇಲೆಯೇ ನೇಯ್ಗೆ ಶುರುವಾಗುತ್ತದೆ. ಆದ್ದರಿಂದಲೇ ತೋಪು ತೆನೆಯ ಸೀರೆಗೆ ಒಂದು ಸಲಕ್ಕೆ ಒಂದೇ ಸೀರೆಗಾಗುವಷ್ಟು ಹಾಸು ಹೂಡುತ್ತಾರೆ. ಈ ಜೋಡಣೆಗೆ ಕೊಂಡಿ ಎಂದು ಹೆಸರು. ಹಾಗಾದರೆ ಈ ಕೊಂಡಿ ಒಡಲಿಗಿಂತ ದುರ್ಬಲವೇ? ಕೆಂಪು ಬಣ್ಣ ಬಿಳಿಗೆ ಎಷ್ಟರ ಮಟ್ಟಿಗೆ ಇಳಿಯುತ್ತದೆ? ಇಪ್ಪತ್ತೆರಡು ಪುಟಗಳಲ್ಲಿ ಹದಿನೇಳನ್ನು ಬದಿಗಿಟ್ಟು ಈ ಎರಡೇ ಪ್ರಶ್ನೆಗಳ ಮೇಲೆ ಪ್ರಬಂಧವನ್ನು ಹೊಸದಾಗಿ ಕಟ್ಟಿದೆ.

ಯಾವ ಪತ್ರಿಕೆಗೆ ಕಳಿಸಬೇಕೆಂಬುದನ್ನು ಈ ಸಲ ಮೊದಲೇ ಯೋಚಿಸಿದೆವು. 1910ರಿಂದ ಬರುತ್ತಿರುವ ಜರ್ನಲ್ ಆಫ್ ದಿ ಟೆಕ್ಸ್‌ಟೈಲ್ ಇನ್‌ಸ್ಟಿಟ್ಯೂಟ್‌ನಂಥದು ನೂಲು, ಬಟ್ಟೆ, ಯಂತ್ರಗಳ ವಿಜ್ಞಾನದತ್ತ ವಾಲಿದರೆ, 1997ರಲ್ಲಿ ಆರಂಭವಾದ ಫ್ಯಾಶನ್ ಥಿಯರಿ ಉಡುಪಿನ ಸಂಸ್ಕೃತಿಯ ಚರ್ಚೆಗೆ ಮೀಸಲು. ನಮ್ಮ ಪ್ರಬಂಧ ಒಂದು ಕಾಲು ಪ್ರಯೋಗಾಲಯದಲ್ಲಿ, ಇನ್ನೊಂದು ಕಾಲು ಮಗ್ಗದ ಕುಣಿಯಲ್ಲಿ ಇಟ್ಟಂಥದು; ಎರಡಕ್ಕೂ ಜಾಗವಿರುವ ಪತ್ರಿಕೆ ಬೇಕಾಗಿತ್ತು. ಮೂರು ವರ್ಷಗಳ ಸಂಚಿಕೆಗಳ ಪರಿವಿಡಿ ನೋಡಿ ಒಂದನ್ನು ಆರಿಸಿದೆವು. ಈ ನಡುವೆ ನನ್ನ ಅಂಚೆಪೆಟ್ಟಿಗೆಗೆ 72 ಗಂಟೆಯಲ್ಲಿ ಪ್ರಕಟಿಸಿಕೊಡುವ ಪತ್ರಿಕೆಗಳಿಂದ ದಿನಕ್ಕೆರಡು ಆಮಂತ್ರಣ ಬರುತ್ತಿದ್ದವು. ಬಡ್ತಿಯ ಕಡತ ತುಂಬಿಸಲು ಅವುಗಳಿಗೆ ದುಡ್ಡು ಕೊಟ್ಟವರನ್ನು ನಾನು ಬಲ್ಲೆ. ಅವರ ಪ್ರಬಂಧವನ್ನು ಓದಿದವರನ್ನು ಇನ್ನೂ ಕಂಡಿಲ್ಲ.

ಪರೀಕ್ಷೆಗೆಂದು ಸೀರೆ ಕತ್ತರಿಸುವ ದಿನ ಪ್ರಯೋಗಾಲಯದಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮಡಿಕೆ ಬಿಚ್ಚದ ಹೊಸ ಸೀರೆಯನ್ನು ಮೇಜಿನ ಮೇಲೆ ಹಾಸಿದಾಗ ನನ್ನ ವಿದ್ಯಾರ್ಥಿನಿ, "ಮೇಡಂ, ನೀವೇ ಕತ್ತರಿಸ್ರಿ, ನನಗ ಆಗೂದಿಲ್ಲ" ಎಂದು ಹಿಂದೆ ಸರಿದಳು. ಬಟ್ಟೆಯ ಕರ್ಷಣ ಶಕ್ತಿಯನ್ನು, ಅಂದರೆ ಹರಿಯುವ ಮೊದಲು ಅದು ಎಷ್ಟು ಎಳೆತ ತಡೆಯುತ್ತದೆ ಎಂಬುದನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 13934-1 ವಿಧಾನದಲ್ಲಿ ಪಟ್ಟಿಯ ಅಗಲ 50 ಮಿಲಿಮೀಟರು, ಯಂತ್ರದ ಎರಡು ಹಿಡಿಕೆಗಳ ನಡುವಿನ ಅಂತರ 200 ಮಿಲಿಮೀಟರು. ಪಟ್ಟಿಯನ್ನು 50 ಮಿಲಿಮೀಟರಿಗೇ ಕತ್ತರಿಸುವಂತಿಲ್ಲ. ತುಸು ಅಗಲವಾಗಿ ಕತ್ತರಿಸಿಕೊಂಡು, ಎರಡೂ ಬದಿಯಿಂದ ಸೂಜಿಯಲ್ಲಿ ಒಂದೊಂದೇ ಎಳೆ ಬಿಡಿಸುತ್ತ ಸರಿಯಾದ ಅಗಲಕ್ಕೆ ತರಬೇಕು. ಕೊಂಡಿ ಪಟ್ಟಿಯ ನಟ್ಟನಡುವೆ ಬರಬೇಕಾಗಿತ್ತು. ಭೂತಗನ್ನಡಿಯ ಕೆಳಗೆ ಮೊದಲ ಪಟ್ಟಿಯ ಎಳೆ ಬಿಡಿಸುತ್ತಿದ್ದಾಗ ಅಂಚಿನ ಕೊಂಡಿಯೊಂದು ಸುರುಳಿ ಬಿಚ್ಚಿಕೊಂಡು, ಸೆರಗಿನ ಕಡೆಯ ರೇಷ್ಮೆ ಎಳೆ ಒಡಲಿನ ಹತ್ತಿ ಎಳೆಯನ್ನು ಬಿಟ್ಟು ಗಾಳಿಯಲ್ಲಿ ನಿಂತಿತು. ಕುಣಿಕೆಯೆಂದರೆ ಒಂದೇ ಎಳೆ ಹೋಗಿ, ತಿರುಗಿ ಬಂದು, ಪಕ್ಕದಲ್ಲಿ ಎರಡನೆಯ ಎಳೆಯಾಗಿ ನಿಲ್ಲುವುದು. ಒಂದನ್ನು ತೆಗೆದರೆ ಅದರ ಜೊತೆಯದು ಅನಾಥವಾಗುತ್ತದೆ. ಎಳೆಗಳನ್ನು ಒಂಟಿಯಾಗಿ ಎಣಿಸದೆ ಕೊಂಡಿಗಳನ್ನೇ ಎಣಿಸಬೇಕೆಂದು ಆಗ ಹೊಳೆಯಿತು. ಆ ಪಟ್ಟಿ ಹಾಳಾಯಿತು. ಉಳಿದ ಐದನ್ನು ಜೋಡಿ ಒಡೆಯದಂತೆ ಬಿಡಿಸಿದೆವು. ಅದರಿಂದ ಅಗಲದಲ್ಲಿ ಬಂದ ಕೂದಲೆಳೆಯ ವ್ಯತ್ಯಾಸವನ್ನು ಪ್ರಬಂಧದ ವಿಧಾನ ಭಾಗದಲ್ಲಿ ಮುಚ್ಚಿಡದೆ ಬರೆದೆವು.

ಬಣ್ಣದ ಪರೀಕ್ಷೆಯಲ್ಲಿ ಎಡವಿದ್ದನ್ನು ಗುರುಗಳು ಹಿಡಿದರು. ಐಎಸ್‌ಒ 105-ಸಿ06ರ ಪ್ರಕಾರ 100 ಮಿಲಿಮೀಟರು ಉದ್ದ, 40 ಮಿಲಿಮೀಟರು ಅಗಲದ ತುಂಡಿಗೆ ಬಹುನಾರಿನ ಪಟ್ಟಿಯೊಂದನ್ನು ಹೊಲಿದು 40 ಡಿಗ್ರಿಯ ಡಿಟರ್ಜೆಂಟ್ ದ್ರಾವಣದಲ್ಲಿ 30 ನಿಮಿಷ ತಿರುಗಿಸಿ, ಪಟ್ಟಿಗೆ ಇಳಿದ ಕಲೆಯನ್ನು ಬೂದು ಛಾಯೆಗಳ ಜೋಡಿಗಳಿರುವ ಬೂದು ಮಾಪಕದ ಮುಂದಿಟ್ಟು 1ರಿಂದ 5ರವರೆಗೆ ಅಂಕ ಕೊಡಬೇಕು. 5 ಬಂದರೆ ಕಲೆಯಿಲ್ಲ ಎಂದರ್ಥ. ನಾವು ಬಳಸಿದ ಪಟ್ಟಿಯಲ್ಲಿ ಅಸಿಟೇಟ್, ಹತ್ತಿ, ನೈಲಾನ್, ಪಾಲಿಯೆಸ್ಟರ್, ಅಕ್ರಿಲಿಕ್, ಉಣ್ಣೆ ಎಂದು ಆರು ನಾರುಗಳಿದ್ದವು. "ರೇಶ್ಮಿ ಎಲ್ಲೈತಿ?" ಎಂದು ಕೇಳಿದರು. ಇರಲಿಲ್ಲ. ನಮ್ಮ ಪ್ರಶ್ನೆಯೇ ಕೆಂಪು ರೇಷ್ಮೆಯಿಂದ ಬಿಳಿ ರೇಷ್ಮೆಗೆ ಇಳಿಯುವ ಬಣ್ಣದ್ದಾಗಿರುವಾಗ ರೇಷ್ಮೆಯಿಲ್ಲದ ಪಟ್ಟಿಯ ಮೇಲೆ ತೀರ್ಮಾನ ಬರೆಯಲು ಹೊರಟಿದ್ದೆವು. ತುಂಡಿಗೆ ತಾಗಿಸಿ ಹೊಲಿಯಲು ಬಿಳಿ ರೇಷ್ಮೆಯ ಬಟ್ಟೆ ತರಿಸಿ ಎಲ್ಲವನ್ನೂ ಮತ್ತೊಮ್ಮೆ ಮಾಡಿದ್ದಕ್ಕೆ ಇಪ್ಪತ್ತು ದಿನ ಹಿಡಿಯಿತು.

ಕೊಂಡಿಯ ಫೋಟೋಕ್ಕಾಗಿ ಇಳಕಲ್ಲಿಗೆ ಎರಡು ಸಲ ಹೋದೆ. ನಾನು ಕಾಕಾ ಎಂದು ಕರೆಯುವ ಹಿರಿಯ ನೇಕಾರರ ಮನೆಯಲ್ಲಿ ಮಗ್ಗದ ಕುಣಿಯಲ್ಲಿ ಕೂತು ನೇಯುವವರು ಅವರಾದರೆ, ಕೊಂಡಿ ಹಾಕುವವರು ಅವರ ಹೆಂಡತಿ, ನನ್ನ ಪಾಲಿನ ಕಾಕು. ಇದಕ್ಕೆ ಇಂಗ್ಲಿಷಿನಲ್ಲಿ ಏನೆಂದು ಬರೆಯಲಿ ಎಂಬುದು ನನ್ನನ್ನು ತಿಂಗಳಿಂದ ಕಾಡುತ್ತಿದ್ದ ಮಾತು. ಇಂಟರ್‌ಲಾಕ್ ಎಂದು ಬರೆದರೆ ಓದುವವರು ಬಣ್ಣದ ಹೊಕ್ಕುಗಳು, ಅಂದರೆ ಅಡ್ಡ ಎಳೆಗಳು, ಒಂದಕ್ಕೊಂದು ತೆಕ್ಕೆಬೀಳುವ ಬೇರೆಯೇ ನೇಯ್ಗೆಯನ್ನು ನೆನೆದುಕೊಳ್ಳುತ್ತಾರೆ. ಗಂಟು ಎಂದರೆ ಸುಳ್ಳಾಗುತ್ತದೆ, ಏಕೆಂದರೆ ಇಲ್ಲಿ ಗಂಟಿಲ್ಲ. ಕಾಕುವನ್ನೇ ಕೇಳಿದೆ. ಅವರು ಕೈ ನಿಲ್ಲಿಸದೆ, "ಕೊಂಡಿ ಅಂದ್ರ ಕೊಂಡೀನ ರೀ ಅಕ್ಕಾರ. ಸರಪಳ್ಯಾಗ ಒಂದರಾಗ ಒಂದು ಸಿಕ್ಕಿರತೈತಲ್ಲ, ಹಂಗ" ಎಂದರು. ಆ ರಾತ್ರಿ ಬಸ್ಸಿನಲ್ಲಿ ಬರುವಾಗಲೇ, ಸರಪಳಿಯ ಕೊಂಡಿಗಳ ಹಾಗೆ ಒಂದರೊಳಗೊಂದು ಸಿಕ್ಕಿಕೊಂಡ ಎರಡು ಹಾಸುಗಳ ಕುಣಿಕೆಗಳು ಎಂಬ ಅರ್ಥದ ವಾಕ್ಯವನ್ನು ಇಂಗ್ಲಿಷಿನಲ್ಲಿ ಮೊಬೈಲಿನಲ್ಲಿ ಬರೆದಿಟ್ಟುಕೊಂಡೆ. ಪ್ರಬಂಧದಲ್ಲಿ ಒಂದಕ್ಷರವೂ ಬದಲಾಗದೆ ಉಳಿದ ವಾಕ್ಯ ಅದೊಂದೇ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಕಾಕಾ ಹಿಂದೆಮುಂದೆ ನೋಡಿದರು. ಸಹಿ ಎಂದರೆ ಸಾಲ ಎಂದೇ ಗೊತ್ತಿರುವ ಮನೆಯಲ್ಲಿ ಅದು ಸಹಜ. ಕನ್ನಡದಲ್ಲಿ ಬರೆದಿದ್ದ ಪತ್ರವನ್ನು ನಾನು ಎರಡು ಸಲ ಓದಿ ಹೇಳಿದ ಮೇಲೆ ಕಾಕು, "ನನ್ನ ಹೆಸರ ಬರೂದಿದ್ರ ನಾ ಹಾಕ್ತೀನಿ" ಎಂದು ಮೊದಲು ಸಹಿ ಮಾಡಿದರು.

ಪ್ರಬಂಧ ಕಳಿಸಲು ಒಂದು ಭಾನುವಾರ ಗೊತ್ತುಮಾಡಿಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಕೂತೆ. ಒಂದು ತಾಸಿನ ಕೆಲಸವೆಂದುಕೊಂಡದ್ದು ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಮೊದಲ ಅಡ್ಡಿ ಅಳತೆಯದು. ಕಾಕಾ ಎಂಬತ್ತರ ನೂಲು ಎಂದರೆ ನಮಗೆ ಅರ್ಥವಾಗುತ್ತದೆ: 840 ಗಜದ ಲಡಿಗಳು ಒಂದು ಪೌಂಡಿಗೆ ಎಂಬತ್ತು ತೂಗುವಷ್ಟು ಸಣ್ಣ ನೂಲು, ಸಂಖ್ಯೆ ಹೆಚ್ಚಿದಷ್ಟೂ ನೂಲು ಸಣ್ಣ. ರೇಷ್ಮೆಯ ಎಳೆಯನ್ನು ಅಳೆಯುವ ಡೆನಿಯರ್ ಇದಕ್ಕೆ ತಿರುಗಾಮುರುಗಾ, ಸಂಖ್ಯೆ ಹೆಚ್ಚಿದಷ್ಟೂ ದಪ್ಪ. ಪತ್ರಿಕೆಗೆ ಎರಡೂ ಬೇಡ, ಸಾವಿರ ಮೀಟರಿನ ತೂಕವನ್ನು ಗ್ರಾಮಿನಲ್ಲಿ ಹೇಳುವ ಟೆಕ್ಸ್ ಬೇಕು. 590.5ನ್ನು 80ರಿಂದ ಭಾಗಿಸಿದರೆ 7.4 ಟೆಕ್ಸ್, 21 ಡೆನಿಯರನ್ನು 9ರಿಂದ ಭಾಗಿಸಿದರೆ 2.3 ಟೆಕ್ಸ್. ಲೆಕ್ಕ ಸುಲಭ. ಆದರೆ ಒಂದು ಕೋಷ್ಟಕದಲ್ಲಿ ಎಳೆಗಳನ್ನು ಅಂಗುಲಕ್ಕೂ ಇನ್ನೊಂದರಲ್ಲಿ ಸೆಂಟಿಮೀಟರಿಗೂ ಎಣಿಸಿಟ್ಟಿದ್ದು ಆ ಬೆಳಿಗ್ಗೆಯವರೆಗೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಎರಡನೆಯದು ಹೆಸರು ಮರೆಸುವ ಕೆಲಸ. ಪರಾಮರ್ಶಕರಿಗೆ ಲೇಖಕರಾರೆಂದು, ಲೇಖಕರಿಗೆ ಪರಾಮರ್ಶಕರಾರೆಂದು ತಿಳಿಯಬಾರದೆಂಬುದು ಆ ಪತ್ರಿಕೆಯ ಕ್ರಮ. ಹೆಸರು, ಕಾಲೇಜು, ಕೃತಜ್ಞತೆ ಎಲ್ಲವೂ ಪ್ರತ್ಯೇಕ ಶೀರ್ಷಿಕೆ ಪುಟಕ್ಕೆ ಹೋದವು. ವರ್ಡ್ ಕಡತದ ಒಳಗೆ ಅಡಗಿ ಕೂತಿದ್ದ ನನ್ನ ಹೆಸರನ್ನೂ ಅಳಿಸಿದೆ. ಇಷ್ಟಾದ ಮೇಲೆ ಮೂರನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ, ಮಗ್ಗದ ಹಿಂದಿನ ಗೋಡೆಯ ಮೇಲೆ ನಾನೇ ಯುಗಾದಿಗೆ ಕೊಟ್ಟಿದ್ದ ನಮ್ಮ ಕಾಲೇಜಿನ ಕ್ಯಾಲೆಂಡರು ನೇತಾಡುತ್ತಿತ್ತು. ಅದನ್ನು ಕತ್ತರಿಸಿ ತೆಗೆದರೆ ಚಿತ್ರ ಚಿಕ್ಕದಾಯಿತು. ಅಂಗುಲಕ್ಕೆ 300 ಚುಕ್ಕೆಗಳ ಲೆಕ್ಕದಲ್ಲಿ ಎಂಟೂವರೆ ಸೆಂಟಿಮೀಟರು ಅಗಲದ ಚಿತ್ರಕ್ಕೆ ಸಾವಿರ ಪಿಕ್ಸೆಲ್ ಬೇಕು, ವಾಟ್ಸಾಪಿನಲ್ಲಿ ಬಂದು ಸೊರಗಿದ್ದ ಆ ಫೋಟೋದಲ್ಲಿ ಅಷ್ಟು ಉಳಿದಿರಲಿಲ್ಲ. ಮೂಲ ಫೋಟೋ ವಿದ್ಯಾರ್ಥಿನಿಯ ಫೋನಿನಲ್ಲಿತ್ತು, ಅವಳು ಅಕ್ಕನ ಮದುವೆಯಲ್ಲಿದ್ದಳು. ಅಕ್ಷತೆ ಮುಗಿಸಿ, ಊಟಕ್ಕೆ ಕೂರುವ ಮೊದಲು ಕಳಿಸಿಕೊಟ್ಟಳು.

ಎಲ್ಲ ಕಡತಗಳನ್ನೂ ಏರಿಸಿದ ಮೇಲೆ ಪತ್ರಿಕೆಯ ವ್ಯವಸ್ಥೆ ಅವನ್ನು ಒಂದೇ ಪಿಡಿಎಫ್ ಮಾಡಿ, ನೋಡಿ ಒಪ್ಪಿಗೆ ಕೊಡಿ ಎನ್ನುತ್ತದೆ. ಅವಸರದಲ್ಲಿ ನೋಡದೆ ಒಪ್ಪಿದ್ದರೆ ದೊಡ್ಡ ಮುಜುಗರವಾಗುತ್ತಿತ್ತು. ಹಾಸು, ಹೊಕ್ಕು, ದಡಿ, ಕೊಂಡಿ ಎಂದು ಕನ್ನಡ ಲಿಪಿಯಲ್ಲೇ ಇರಲೆಂದು ಅಭಿಮಾನದಿಂದ ಹಾಕಿದ್ದ ಪಾರಿಭಾಷಿಕ ಪದಗಳ ಕೋಷ್ಟಕದಲ್ಲಿ ಸಾಲು ಸಾಲು ಖಾಲಿ ಚೌಕಗಳು ನಿಂತಿದ್ದವು. ರೋಮನ್ ಲಿಪಿಗೆ ಬದಲಾಯಿಸಿ ಮತ್ತೆ ಏರಿಸಿದೆ.

ನಾಲ್ಕು ತಿಂಗಳ ನಂತರ ಇಬ್ಬರು ಪರಾಮರ್ಶಕರ ಅಭಿಪ್ರಾಯ ಬಂದವು. ಮೊದಲನೆಯವರು, ಬಟ್ಟೆಯನ್ನು ಪ್ರಮಾಣಿತ ವಾತಾವರಣದಲ್ಲಿಟ್ಟು ಪರೀಕ್ಷಿಸಿದೆವು ಎಂದು ಬರೆದಿದ್ದೀರಿ, ಅದು 20 ಡಿಗ್ರಿಯೇ ಎಂದು ಕೇಳಿದ್ದರು. ಅಂತರರಾಷ್ಟ್ರೀಯ ಮಾನಕದಲ್ಲಿ 20 ಡಿಗ್ರಿ ನಿಜ; ನಮ್ಮ ಪ್ರಯೋಗಾಲಯ ಅನುಸರಿಸುವ ಭಾರತೀಯ ಮಾನಕ ಐಎಸ್ 6359ರಲ್ಲಿ 27 ಡಿಗ್ರಿ, ಆರ್ದ್ರತೆ ಶೇ. 65. ಬಾಗಲಕೋಟೆ ಕಡೆಯ ಬಿಸಿಲು ಕಂಡವರಿಗೆ 27 ಕೂಡ ತಂಪೇ. ನಮಗೆ ಗೊತ್ತಿದ್ದುದನ್ನು ಎಲ್ಲರಿಗೂ ಗೊತ್ತಿದೆಯೆಂದು ಬಿಟ್ಟದ್ದು ನನ್ನ ತಪ್ಪು, ಒಂದು ಸಾಲಿನಲ್ಲಿ ಸರಿಹೋಯಿತು. ಎರಡನೆಯವರ ಪ್ರಶ್ನೆ ಅಷ್ಟು ಸುಲಭದ್ದಲ್ಲ: ಕಾಂಚೀಪುರದ ಸೀರೆಗಳಲ್ಲಿ ಒಡಲು ಮತ್ತು ಸೆರಗಿನ ಹಾಸುಗಳನ್ನು ಜೋಡಿಸುವ ಪೇಟ್ನಿಗೂ ನಿಮ್ಮ ಕೊಂಡಿಗೂ ಏನು ವ್ಯತ್ಯಾಸ? ಕೊಂಡಿ ಇಳಕಲ್ಲಿಗೆ ಮಾತ್ರ ಸೇರಿದ್ದೆಂಬ ಧಾಟಿಯಲ್ಲಿ ಬರೆದಿದ್ದ ನನಗೆ ನಾಚಿಕೆಯಾಯಿತು, ಏಕೆಂದರೆ ಪೇಟ್ನಿಯನ್ನು ನಾನು ತರಗತಿಯಲ್ಲಿ ಪ್ರತಿವರ್ಷ ಪಾಠ ಮಾಡುತ್ತೇನೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯಾವತ್ತೂ ನೋಡಿರಲಿಲ್ಲ. ಆ ಹೋಲಿಕೆಗೆ ಎರಡು ಪುಟ ಬರೆದು, ಇಬ್ಬರೂ ಸೇರಿ ಕೇಳಿದ್ದ 31 ಪ್ರಶ್ನೆಗಳಿಗೂ ಒಂದೊಂದಾಗಿ ಉತ್ತರಿಸಿ, ಬದಲಾದ ಸಾಲುಗಳ ಸಂಖ್ಯೆ ಕೊಟ್ಟು ಕಳೆದ ತಿಂಗಳು ಹಿಂದಿರುಗಿಸಿದ್ದೇನೆ. ತೀರ್ಪು ಬಂದಿಲ್ಲವಾದ್ದರಿಂದ ಫಲಿತಾಂಶದ ಅಂಕಿಗಳನ್ನು ಇಲ್ಲಿ ಹೇಳುವಂತಿಲ್ಲ.

ಮೊನ್ನೆ ಕಾಕು ಫೋನು ಮಾಡಿದ್ದರು. "ನನ್ನ ಹೆಸರ ಬಂತೇನ್ರಿ ಅಕ್ಕಾರ?" ಹಾಕಿದ್ದೇನೆ, ಆದರೆ ಸದ್ಯಕ್ಕೆ ಅದನ್ನು ಪರಾಮರ್ಶಕರಿಗೆ ತೋರಿಸುವುದಿಲ್ಲ ಎಂದು ವಿವರಿಸಲು ಹೋದೆ. ಅವರಿಗೆ ಅದು ಅಷ್ಟಾಗಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಸ್ವಲ್ಪ ಸುಮ್ಮನಿದ್ದು, "ಆ ಕತ್ತರಿಸಿದ ತುಂಡು ಚೆಲ್ಲಿಬಿಟ್ರೇನು? ಇದ್ರ ಕೊಡ್ರಿ, ಕೌದಿಗೆ ಆಗತಾವು" ಎಂದರು. ತುಂಡುಗಳೆಲ್ಲ ಸಂಖ್ಯೆ ಬರೆದ ಲಕೋಟೆಗಳಲ್ಲಿ ನನ್ನ ಕಪಾಟಿನಲ್ಲಿವೆ. ಪರಾಮರ್ಶಕರು ಮತ್ತೇನಾದರೂ ಕೇಳಿದರೆ ಬೇಕಾಗುತ್ತವೆ, ಅದು ಮುಗಿದ ಮೇಲೆ ತಂದುಕೊಡುತ್ತೇನೆ ಎಂದು ಹೇಳಿದೆ.