ಗೌಡ್ರ ಹೆಸರು ಪಟ್ಟಿಯಿಂದ ಹೋದದ್ದು

“ತೆಗೆಯುವಾಗ ಒಂದು ಮಾತು ಹೇಳಬಹುದಿತ್ತಲ್ಲಮ್ಮ?”

ಮಂಗಳವಾರ ಸಂಜೆ ಫೋನಿನಲ್ಲಿ ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಹೇಳಿದವರು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು, ಎಪ್ಪತ್ತೈದು ದಾಟಿದ ಹಿರಿಯರು. ನಾವೆಲ್ಲ ಗೌಡ್ರು ಅಂತಲೇ ಕರೆಯುವುದು. ಅವರು ಬೈಯಲಿಲ್ಲ, ದನಿ ಏರಿಸಲಿಲ್ಲ. ಮದುವೆಗೆ ಕರೆಯದ ನೆಂಟರನ್ನು ಎದುರಿಗೆ ಕಂಡಾಗ ಕೇಳುವ ಹಾಗೆ, ಮೆಲ್ಲಗೆ ಕೇಳಿದರು. ಅದೇ ಜಾಸ್ತಿ ಚುಚ್ಚಿತು.

ನಮ್ಮದು ಮಳೆ ಅಳೆಯುವವರ ಮೇಲಿಂಗ್ ಲಿಸ್ಟ್. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರ ಕಡೆಯವರು ಇದ್ದಾರೆ. ಬೆಳಿಗ್ಗೆ ಎಂಟೂವರೆಗೆ ಅಂಗಳದ ರೈನ್ ಗೇಜ್ ನೋಡಿ, ಬಂದ ಅಳತೆಯನ್ನು ಒಂದು ವಿಳಾಸಕ್ಕೆ ಮೇಲ್ ಮಾಡುತ್ತಾರೆ. ಅದು ಎಲ್ಲರಿಗೂ ಹೋಗುತ್ತದೆ. ಎಂಟೂವರೆ ಯಾಕೆಂದರೆ ಹವಾಮಾನ ಇಲಾಖೆಯೂ ಮಳೆಯ ದಿನವನ್ನು ಆ ಹೊತ್ತಿನಿಂದಲೇ ಎಣಿಸುತ್ತದೆ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ತಾನಾಗೇ ಅಳೆಯುವ ಯಂತ್ರಗಳನ್ನು ಇಟ್ಟಿದೆ, ನಿಜ. ಆದರೆ ಮಲೆನಾಡಿನ ಮಳೆ ಪಂಚಾಯಿತಿ ಗಡಿ ನೋಡಿ ಬೀಳುವುದಿಲ್ಲ. ಗುಡ್ಡದ ಈಚೆಗೆ ಮೂರು ಇಂಚು ಹೊಯ್ದ ದಿನ ಆಚೆಗೆ ಒಂದೇ ಇಂಚು ಬಿದ್ದಿರುತ್ತದೆ. ಆ ವ್ಯತ್ಯಾಸ ಗೊತ್ತಾಗುವುದು ಹೀಗೆ ಮನೆಮನೆಯಲ್ಲಿ ಅಳೆದು ಬರೆದಿಡುವವರಿಂದಲೇ.

ವಾಟ್ಸಾಪ್ ಗುಂಪು ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಾಕಾಗುವುದಿಲ್ಲ. ಇವತ್ತು ಗುಂಪಿಗೆ ಬಂದವರಿಗೆ ಹೋದ ವರ್ಷದ ಮಳೆ ಅಲ್ಲಿ ಸಿಗುವುದಿಲ್ಲ. ಸಿಗುವವರೂ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಹುಡುಕಬೇಕು. ಮೇಲಿಂಗ್ ಲಿಸ್ಟ್‌ನಲ್ಲಿ ತಿಂಗಳ ಪ್ರಕಾರ, ವಿಷಯದ ಪ್ರಕಾರ ಎಲ್ಲ ಪತ್ರವೂ ಕಡತದಲ್ಲಿ ಕೂತಿರುತ್ತದೆ. ಎರಡು ದಿನ ಕರೆಂಟ್ ಇಲ್ಲದೆ ನೆಟ್ ಹೋದರೂ ಪತ್ರ ಕಾಯುತ್ತದೆ. ದಿನವಿಡೀ ಪತ್ರ ಬೇಡ ಅನ್ನುವವರಿಗೆ ಎಲ್ಲವನ್ನೂ ಒಟ್ಟುಮಾಡಿ ಒಂದೇ ಮೇಲ್ ಕಳಿಸುವ ಡೈಜೆಸ್ಟ್ ಇದೆ. ಮಳೆ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಕಂಡಿಲ್ಲ.

ಇಷ್ಟು ದಿನ ಪಟ್ಟಿ ನೋಡಿಕೊಳ್ಳುತ್ತಿದ್ದವರು ಬೇರೆ ಕೆಲಸಕ್ಕೆ ಹೋದರು. ಪಟ್ಟಿ ನನ್ನ ಕೈಗೆ ಬಂತು. ನಡೆಯುತ್ತಿದ್ದದ್ದು ಇಂಥ ಪಟ್ಟಿಗಳನ್ನು ನಡೆಸುವ ಮೇಲ್‌ಮ್ಯಾನ್ ತಂತ್ರಾಂಶದ ಎರಡನೇ ಆವೃತ್ತಿಯಲ್ಲಿ. ಅದಕ್ಕೆ ಬೇಕಾದ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 2ಕ್ಕೆ 2020ರ ಜನವರಿಗೇ ಬೆಂಬಲ ನಿಂತಿದೆ. ಹಾಗಾಗಿ ಹೊಸ ಸರ್ವರ್‌ನಲ್ಲಿ ಮೂರನೇ ಆವೃತ್ತಿ ಹಾಕಿ, ಮಳೆಗಾಲ ಹಿಡಿಯುವ ಮೊದಲು ಎಲ್ಲರನ್ನೂ ಅಲ್ಲಿಗೆ ಸಾಗಿಸಬೇಕಿತ್ತು. ಗೆಳೆಯನೊಬ್ಬ ಸರ್ವರ್ ಕೆಲಸ ನೋಡಿಕೊಂಡ. ಯಾವ ಸರ್ವರ್ ನಮ್ಮ ಹೆಸರಿನಲ್ಲಿ ಪತ್ರ ಕಳಿಸಬಹುದು ಅಂತ ಸಾರುವ ಎಸ್‌ಪಿಎಫ್, ಪತ್ರಕ್ಕೆ ಮೊಹರು ಹಾಕುವ ಡಿಕಿಮ್, ಇವೆರಡೂ ತಾಳೆಯಾಗದಿದ್ದರೆ ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್, ಎಲ್ಲವನ್ನೂ ಕೂರಿಸಿದ. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ದಿನಕ್ಕೆ 5,000ಕ್ಕಿಂತ ಜಾಸ್ತಿ ಪತ್ರ ಕಳಿಸುವವರಿಗೆ ಮೂರೂ ಬೇಕು. ನಾವು ಅದರ ಹತ್ತಿರವೂ ಇಲ್ಲ, ಆದರೂ ಮೂರನ್ನೂ ಹಾಕಿಕೊಂಡೆವು. ಇಲ್ಲದಿದ್ದರೆ ಕೊಪ್ಪದ ಮಳೆ ನೇರ ಸ್ಪ್ಯಾಮ್ ಪೆಟ್ಟಿಗೆಗೆ ಹೋಗುವ ಭಯ ಇದ್ದೇ ಇರುತ್ತದೆ.

ಇದೆಲ್ಲ ಎರಡು ಸಂಜೆಯ ಕೆಲಸ. ಹೊತ್ತು ಹಿಡಿದದ್ದು ಹೆಸರುಗಳು. ಪಟ್ಟಿ ಶುರುವಾದಾಗ ಮಾಡಿದ್ದ ಸದಸ್ಯರ ವಿವರದ ಕಾಗದ ಒಂದು ಫೈಲಿನಲ್ಲಿ ಸಿಕ್ಕಿತು, ಫೋನ್ ನಂಬರ್ ಸಮೇತ. ಅದನ್ನೂ ಈಗಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹಲವರು ಈಗಿನದರಲ್ಲಿ ಇಲ್ಲ. ಕೆಲವರು ತಾವೇ ಬಿಟ್ಟವರು. ಇಬ್ಬರು ತೀರಿಕೊಂಡಿದ್ದಾರೆ. ಉಳಿದವರು ಯಾಕೆ ಹೋದರು ಅಂತ ಯಾರಿಗೂ ಗೊತ್ತಿಲ್ಲ. ಅವರಿಗೆಲ್ಲ ಫೋನ್ ಮಾಡಿ ಕೇಳುವುದು ಅಂತ ತೀರ್ಮಾನಿಸಿದೆ. ಗೆಳೆಯ ಬೇಡ ಅಂದ. ಬರದವರನ್ನು ಬಿಟ್ಟುಬಿಡು, ಪಟ್ಟಿ ಶುಚಿಯಾಗಿರಲಿ ಅಂದ. ಅವನು ಒಳ್ಳೆಯವನೇ, ಆದರೆ ಅವನಿಗೆ ಸತ್ತ ವಿಳಾಸವೂ ಮಾತು ನಿಲ್ಲಿಸಿದ ಮನುಷ್ಯನೂ ಒಂದೇ ಥರ ಕಾಣುತ್ತಾರೆ.

ಗೌಡ್ರಿಗೆ ಫೋನ್ ಮಾಡಿ ಹೆಸರು ಹೇಳಿದೆ. ಮಳೆ ಪಟ್ಟಿಯ ವಿಷಯ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಂತು, “ತೆಗೆಯುವಾಗ ಒಂದು ಮಾತು ಹೇಳಬಹುದಿತ್ತಲ್ಲಮ್ಮ?”

“ಯಾರೂ ತೆಗೆದಿಲ್ಲ ಗೌಡ್ರೇ” ಅಂದೆ.

“ಯಾರೂ ತೆಗೆಯದೆ ಹೆಸರು ಹೇಗೆ ಹೋಗುತ್ತದೆ?”

ಎಷ್ಟು ಸರಿಯಾದ ಪ್ರಶ್ನೆ ಅಲ್ವಾ? ಅದಕ್ಕೆ ಉತ್ತರ ಕೊಡಲು ನಾನು ಕಡತ ತೆಗೆದು ಕೂರಬೇಕಾಯಿತು.

ನಡೆದದ್ದು ಹೀಗೆ. ಕಾಫಿ ಬೆಳೆಗಾರರು ತಲೆಮಾರುಗಳಿಂದ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ. ಒಂದು ಇಂಚಿಗೆ ನೂರು ಸೆಂಟ್. ಕಾಫಿ ಗಿಡ ಹೂ ಬಿಡಿಸುವ ಹೂ ಮಳೆ ಎಷ್ಟು ಸೆಂಟ್ ಬಂತು, ಅದರ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಶವರ್ ಎಷ್ಟು ಸೆಂಟ್ ಬಂತು ಅನ್ನುವುದರ ಮೇಲೆ ಅವರ ವರ್ಷದ ಫಸಲು ನಿಂತಿದೆ. ಹೋದ ವರ್ಷ ಆರಿದ್ರಾ ಮಳೆಯಲ್ಲಿ ಒಂದು ದಿನ ಗೌಡ್ರು 2.40 ಅಂತ ಬರೆದರು. ಎರಡು ಇಂಚು ನಲವತ್ತು ಸೆಂಟ್, ಅಂದರೆ ಸುಮಾರು 61 ಮಿಲಿಮೀಟರ್. ಪಟ್ಟಿಯಲ್ಲಿ ಬೆಂಗಳೂರಿನ ಒಬ್ಬ ಎಂಜಿನಿಯರ್ ಹುಡುಗ ಇದ್ದಾನೆ. ಎಲ್ಲರ ಅಳತೆಯನ್ನೂ ಸೇರಿಸಿ ಚಂದದ ನಕ್ಷೆ ಮಾಡುತ್ತಾನೆ. ಅವನ ನಕ್ಷೆಯಲ್ಲಿ ಆ ದಿನ ಗೌಡ್ರ ತೋಟಕ್ಕೆ ಎರಡೂವರೆ ಮಿಲಿಮೀಟರೂ ಬಿದ್ದಿರಲಿಲ್ಲ. ಅವನು ಬರೆದ: “ಸರ್, ದಯವಿಟ್ಟು ಮಿ.ಮೀ.ನಲ್ಲೇ ಕಳಿಸಿ. ಇಲ್ಲದಿದ್ದರೆ ಇಡೀ ಲೆಕ್ಕ ಕೆಡುತ್ತದೆ.”

ಇದನ್ನು ಗೌಡ್ರಿಗೆ ಮಾತ್ರ ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಪಟ್ಟಿಯಲ್ಲಿ ರಿಪ್ಲೈ ಒತ್ತಿದರೆ ಉತ್ತರ ಎಲ್ಲರಿಗೂ ಹೋಗುವ ಹಾಗೆ ಸೆಟ್ಟಿಂಗ್ ಇತ್ತು. ಅಪ್ಪನ ಕಾಲದಿಂದ ಮಳೆ ಬರೆದವರಿಗೆ ಇಡೀ ಸೀಮೆಯ ಮುಂದೆ ಪಾಠ ಆಯಿತು. ಹುಡುಗ ಕೆಟ್ಟವನಲ್ಲ. ಅವನಷ್ಟು ಶ್ರದ್ಧೆಯಿಂದ ಕೆಲಸ ಮಾಡುವವರು ನಮ್ಮಲ್ಲಿ ಮತ್ತೊಬ್ಬರಿಲ್ಲ. ಆದರೆ ಇಂಚನ್ನು 25.4ರಿಂದ ಗುಣಿಸುವ ಕೆಲಸ ಕಂಪ್ಯೂಟರಿನದು. ಹಿರಿಯರ ಅಭ್ಯಾಸ ಬದಲಿಸಲು ಹೋಗುವ ಮೊದಲು ಅದನ್ನು ಯೋಚಿಸಬೇಕಿತ್ತು.

ಇದಾಗಿ ಸ್ವಲ್ಪ ದಿನಕ್ಕೆ ಗೌಡ್ರ ಅಂಚೆಪೆಟ್ಟಿಗೆ ತುಂಬಿತು. ಜಿಮೇಲ್‌ನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ. ಮೇಲ್, ಡ್ರೈವ್, ಫೋಟೊ ಎಲ್ಲವೂ ಅದರೊಳಗೇ ಹಿಡಿಸಬೇಕು. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಇದೇ ಲೆಕ್ಕಕ್ಕೆ ಸೇರಿತು. ಮೊಮ್ಮಗಳ ವಿಡಿಯೊಗಳು, ಮದುವೆ ಫೋಟೊಗಳು, ಗುಂಪುಗಳಲ್ಲಿ ಬಂದದ್ದೆಲ್ಲ ಸೇರಿ ಜಾಗ ಮುಗಿಯಿತು. ಜಾಗ ಮುಗಿದರೆ ಪತ್ರ ಬರುವುದಿಲ್ಲ, ಕಳಿಸಲೂ ಆಗುವುದಿಲ್ಲ.

ಆಮೇಲಿನದ್ದು ತಂತ್ರಾಂಶದ ಕೆಲಸ. ಪತ್ರ ವಾಪಸ್ ಬಂದರೆ ಅದು ಆ ಸದಸ್ಯರ ಲೆಕ್ಕಕ್ಕೆ ಅಂಕ ಹಾಕುತ್ತದೆ. ಒಂದು ದಿನದಲ್ಲಿ ಎಷ್ಟು ಪತ್ರ ವಾಪಸ್ ಬಂದರೂ ಅಂಕ ಒಂದಕ್ಕಿಂತ ಜಾಸ್ತಿ ಆಗುವುದಿಲ್ಲ. ಮಾಮೂಲಿ ಸೆಟ್ಟಿಂಗ್‌ನಲ್ಲಿ 5 ಅಂಕ ಆದರೆ ಪತ್ರ ಕಳಿಸುವುದನ್ನು ನಿಲ್ಲಿಸುತ್ತದೆ. ವಾರಕ್ಕೊಂದರಂತೆ ಮೂರು ಎಚ್ಚರಿಕೆ ಕಳಿಸುತ್ತದೆ. ಅದಕ್ಕೂ ಉತ್ತರ ಬರದಿದ್ದರೆ ಹೆಸರು ತೆಗೆಯುತ್ತದೆ. ಇದು ಬೇಕಾದ ವ್ಯವಸ್ಥೆಯೇ. ಸತ್ತ ವಿಳಾಸಗಳಿಗೆ ಕಳಿಸುತ್ತಲೇ ಇದ್ದರೆ ದೊಡ್ಡ ಮೇಲ್ ಕಂಪನಿಗಳು ಕಳಿಸುವ ಸರ್ವರನ್ನೇ ಅನುಮಾನಿಸುತ್ತವೆ. ಆದರೆ ಪತ್ರಗಳು ವಾಪಸ್ ಬರುತ್ತಿವೆ ಅನ್ನುವ ಎಚ್ಚರಿಕೆಯನ್ನು ಅದೇ ತುಂಬಿದ ಪೆಟ್ಟಿಗೆಗೆ ಕಳಿಸುತ್ತದೆ. ಮೂರಕ್ಕೆ ಮೂರೂ ವಾಪಸ್. ಹೆಸರು ತೆಗೆದ ಸುದ್ದಿ ಪಟ್ಟಿಯ ಉಸ್ತುವಾರಿಗೂ ಹೋಗುತ್ತದೆ. ಅದು ಹೋದದ್ದು ಹಿಂದಿನವರು ಬಿಟ್ಟುಹೋದ ಕಚೇರಿಯ ವಿಳಾಸಕ್ಕೆ. ಅಲ್ಲಿ ಓದುವವರು ಯಾರೂ ಇರಲಿಲ್ಲ.

ಗೌಡ್ರು ಕಂಡದ್ದು ಇಷ್ಟೇ. ಒಬ್ಬ ಹುಡುಗ ಎಲ್ಲರ ಮುಂದೆ ತಿದ್ದಿದ. ಮರುವಾರದಿಂದ ಪಟ್ಟಿಯ ಪತ್ರ ನಿಂತಿತು. ಎರಡನ್ನೂ ಜೋಡಿಸಿಕೊಂಡರು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಜೋಡಿಸುತ್ತಿದ್ದರು. ಮಗ ಊರಿಗೆ ಬಂದಾಗ ಪೆಟ್ಟಿಗೆ ಖಾಲಿ ಮಾಡಿಕೊಟ್ಟನಂತೆ. ಬೇರೆ ಪತ್ರಗಳೆಲ್ಲ ಬಂದವು, ನಮ್ಮದು ಮಾತ್ರ ಬರಲಿಲ್ಲ. ಅಲ್ಲಿಗೆ ಅವರ ಅನುಮಾನ ಗಟ್ಟಿಯಾಯಿತು.

ಆ ರಾತ್ರಿ ಹುಡುಗನಿಗೂ ಫೋನ್ ಮಾಡಿದೆ. ಅವನ ನಕ್ಷೆಯಲ್ಲಿ ತಿಂಗಳುಗಟ್ಟಲೆ ಗೌಡ್ರ ಸಾಲು ಖಾಲಿ ಇದೆ. ನೋಡಿಲ್ಲವಾ ಅಂದೆ. “ನೋಡಿದ್ದೇನೆ ಮೇಡಂ. ನನ್ನ ಮೇಲೆ ಸಿಟ್ಟಾಗಿ ಕಳಿಸುವುದು ಬಿಟ್ಟರು ಅಂದುಕೊಂಡೆ. ಕೇಳಲು ಮುಖ ಬರಲಿಲ್ಲ” ಅಂದ.

ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವವೇ ಇತ್ತು. ನಡುವೆ ಒಂದು ಯಂತ್ರ ಸುಮ್ಮನಾಯಿತು. ಆ ಮೌನಕ್ಕೆ ಇಬ್ಬರೂ ಮನುಷ್ಯರ ಅರ್ಥ ಕೊಟ್ಟರು. ಯಂತ್ರಕ್ಕೆ ಸಿಟ್ಟಿಲ್ಲ, ಅಸಡ್ಡೆಯೂ ಇಲ್ಲ. ಆದರೆ ನಾವು ಬದುಕುವುದು ಮನುಷ್ಯರ ನಡುವೆ. ಪತ್ರ ನಿಂತರೆ ಯಾರೋ ನಿಲ್ಲಿಸಿದರು ಅಂತಲೇ ಅನ್ನಿಸುತ್ತದೆ.

ಇದು ನಮ್ಮ ಪುಟ್ಟ ಪಟ್ಟಿಗೆ ಮಾತ್ರ ಆದದ್ದಲ್ಲ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನಿಯಮ ಬಿಗಿ ಮಾಡಿತು. ಯಾಹೂ ವಿಳಾಸದಿಂದ ಬಂದ ಪತ್ರ ಎಂದು ಹೇಳಿಕೊಂಡು ಬೇರೆ ಸರ್ವರ್‌ನಿಂದ ಏನು ಬಂದರೂ ತಿರಸ್ಕರಿಸಿ ಅಂತ ಜಗತ್ತಿಗೆ ಹೇಳಿತು. ಮೋಸದ ಪತ್ರ ತಡೆಯುವ ಉದ್ದೇಶ. ಆದರೆ ಮೇಲಿಂಗ್ ಲಿಸ್ಟ್ ಮಾಡುವುದೇ ಅದು, ಒಬ್ಬರ ಪತ್ರವನ್ನು ತನ್ನ ಸರ್ವರ್‌ನಿಂದ ಎಲ್ಲರಿಗೂ ಕಳಿಸುವುದು. ಯಾಹೂ ಸದಸ್ಯರೊಬ್ಬರು ಪಟ್ಟಿಗೆ ಬರೆದರೆ ಉಳಿದವರ ಸರ್ವರ್‌ಗಳು ಅದನ್ನು ವಾಪಸ್ ಕಳಿಸಿದವು. ಅಂಕ ಬಿದ್ದದ್ದು ಬರೆದವರಿಗಲ್ಲ, ಪಡೆಯಬೇಕಾದವರಿಗೆ. ಏನೂ ಮಾಡದೆ ಸುಮ್ನೆ ಕೂತವರ ಪತ್ರಗಳು ಜಗತ್ತಿನ ಎಷ್ಟೋ ಪಟ್ಟಿಗಳಲ್ಲಿ ನಿಂತುಹೋದವು. ಆಮೇಲೆ ಕಳಿಸಿದವರ ವಿಳಾಸದ ಜಾಗದಲ್ಲಿ ಪಟ್ಟಿಯ ವಿಳಾಸ ಹಾಕುವ ಉಪಾಯ ಬಂತು. ಈಗ ನಮ್ಮಲ್ಲೂ ಅದೇ ಇದೆ. ಆಗ ಬಿಟ್ಟುಹೋದವರಲ್ಲಿ ಎಷ್ಟು ಮಂದಿ ಗೌಡ್ರ ಹಾಗೆ ಮನಸ್ಸಿನಲ್ಲೇ ನೊಂದುಕೊಂಡರೋ ಅಂತ ಈ ವಾರ ಪದೇಪದೇ ಅನ್ನಿಸಿತು.

ಬುಧವಾರ ಮತ್ತು ಗುರುವಾರ ಹೊಸ ಪಟ್ಟಿಯ ಸೆಟ್ಟಿಂಗ್‌ಗಳನ್ನು ಮತ್ತೆ ಮೊದಲಿನಿಂದ ನೋಡಿದೆ. ಅಂಕದ ಮಿತಿ ಏರಿಸಿದೆ. ಉಸ್ತುವಾರಿಯ ಸೂಚನೆಗಳು ಈಗ ನನ್ನ ಜೊತೆ ಕೊಪ್ಪದ ಒಬ್ಬರಿಗೂ ಹೋಗುತ್ತವೆ. ಸದಸ್ಯರ ಒಪ್ಪಿಗೆ ಕೇಳಿ ಪ್ರತಿ ವಿಳಾಸದ ಜೊತೆ ಫೋನ್ ನಂಬರ್ ಇಡುತ್ತಿದ್ದೇವೆ. ರಿಪ್ಲೈ ಒತ್ತಿದರೆ ಉತ್ತರವು ಮೂಲ ಪತ್ರ ಬರೆದವರಿಗೆ ಮಾತ್ರ ಹೋಗುವ ಹಾಗೆ ಬದಲಿಸಿದೆ. ಎಲ್ಲರಿಗೂ ಹೇಳಬೇಕಾದರೆ ಬೇರೆ ಬಟನ್ ಒತ್ತಬೇಕು. ಇದರಿಂದ ಹರಟೆ ಕಡಿಮೆ ಆಗುತ್ತದೆ ಅಂತ ಕೆಲವರು ಗೊಣಗಿದರು. ಆಗಲಿ. ಹರಟೆಗೆ ಒಂದು ಬಟನ್ ಜಾಸ್ತಿ ಒತ್ತಿದರೆ ಏನೂ ನಷ್ಟವಿಲ್ಲ.

ನಿಜವಾಗಿ ಕೂತು ಕೆಲಸ ಮಾಡಿದ್ದು ಪತ್ರಗಳ ಮೇಲೆ. ಸ್ವಾಗತದ ಪತ್ರ, ಎಚ್ಚರಿಕೆಯ ಪತ್ರ, ವಿದಾಯದ ಪತ್ರ ಎಲ್ಲವೂ ತಂತ್ರಾಂಶದ ಜೊತೆ ಬಂದ ಇಂಗ್ಲಿಷಿನಲ್ಲಿದ್ದವು. ಒಂದು ವೇಳೆ ಎಚ್ಚರಿಕೆ ಗೌಡ್ರಿಗೆ ತಲುಪಿದ್ದರೂ ಅದನ್ನು ಮೋಸದ ಮೇಲ್ ಅಂತ ಅಳಿಸಿರುತ್ತಿದ್ದರು. ಲಿಂಕ್ ಒತ್ತಬೇಡಿ ಅಂತ ಬ್ಯಾಂಕಿನವರು ದಿನವೂ ಹೇಳುತ್ತಾರಲ್ಲ. ಅವನ್ನೆಲ್ಲ ತೆಗೆದು ಕನ್ನಡದಲ್ಲಿ ಬರೆದೆ. ಎಚ್ಚರಿಕೆಯ ಪತ್ರ ಈಗ ಹೀಗೆ ಶುರುವಾಗುತ್ತದೆ: “ನಾವು ಕಳಿಸಿದ ಪತ್ರಗಳು ವಾಪಸ್ ಬರುತ್ತಿವೆ. ಪೆಟ್ಟಿಗೆ ತುಂಬಿರಬಹುದು. ನೀವು ಬರೆದ ಯಾವ ಮಾತಿಗೂ ಇದಕ್ಕೂ ಸಂಬಂಧವಿಲ್ಲ.” ಕೆಳಗೆ ಫೋನ್ ನಂಬರ್ ಇದೆ.

ಗೌಡ್ರನ್ನು ಮತ್ತೆ ಸೇರಿಸಿದೆ. ಶುಕ್ರವಾರ ಬೆಳಿಗ್ಗೆ ಅವರಿಂದ ಒಂದರ ಹಿಂದೊಂದು ಮೇಲ್ ಬಂದವು. ನೋಟ್‌ಬುಕ್ಕಿನ ಪುಟಗಳ ಫೋಟೊ. ಪಟ್ಟಿಯಲ್ಲಿ ಇಲ್ಲದ ದಿನಗಳಲ್ಲೂ ಒಂದು ದಿನವೂ ಅಳತೆ ಬಿಟ್ಟಿರಲಿಲ್ಲ. ಆಶ್ಲೇಷಾ ಮಳೆ, ಮಘೆ, ಹಿಂಗಾರು, ಈ ಸಲದ ಹೂ ಮಳೆ, ಎಲ್ಲ ನೀಲಿ ಶಾಯಿಯಲ್ಲಿ ಇಂಚು, ಸೆಂಟ್. ಹುಡುಗ ಕೂತು ಒಂದೊಂದನ್ನೇ ಟೈಪ್ ಮಾಡುತ್ತಿದ್ದಾನೆ. ಇಂಚಿನಲ್ಲೇ ಹಾಕಿದರೂ ಮಿಲಿಮೀಟರಿಗೆ ತಿರುಗಿಸಿಕೊಳ್ಳುವ ಹಾಗೆ ನಕ್ಷೆ ಬದಲಿಸಿದ್ದಾನೆ. ಗೌಡ್ರಿಗೆ ಅವನೇ ಫೋನ್ ಮಾಡಿದನಂತೆ. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ.

ಕಾಗದದಲ್ಲಿ ಇನ್ನೂ ಕೆಲವು ಹೆಸರು ಉಳಿದಿವೆ. ಹೊಸನಗರದ ಒಬ್ಬ ಟೀಚರ್ ನಂಬರ್ ಈಗ ಬೇರೆ ಯಾರದೋ ಆಗಿದೆ. ಅವರ ಊರಿನ ಪಕ್ಕದಲ್ಲಿ ನಮ್ಮ ಸದಸ್ಯರೊಬ್ಬರ ತಂಗಿ ಮನೆ ಇದೆ. ಮುಂದಿನ ವಾರ ಆ ಕಡೆ ಹೋಗುವಾಗ ವಿಚಾರಿಸಿ ಬರುತ್ತೇನೆ ಅಂದಿದ್ದಾರೆ. ಹೊಸ ನಂಬರ್ ಸಿಕ್ಕಿದರೆ ನಾನೇ ಮಾತಾಡುತ್ತೇನೆ.