ಕೋಥ್ರೂಡಿನ ತಾರಸಿಯಲ್ಲಿ ರಾಕೆಟ್ ತೂಗಿದ ಭಾನುವಾರ

ಕಂಪ್ಯೂಟರಿನಲ್ಲಿ ಬಿಡಿಸಿದ ರಾಕೆಟ್ಟು ಒಂದು, ಕಟ್ಟಿ ಮುಗಿಸಿದ ರಾಕೆಟ್ಟು ಇನ್ನೊಂದು. ಎರಡರ ನಡುವಿನ ಅಂತರ ತಕ್ಕಡಿಗೆ ಇಟ್ಟಾಗಲೇ ಗೊತ್ತಾಗುವುದು. ಪುಣೆಯ ಕೋಥ್ರೂಡಿನಲ್ಲಿ ಮಳೆ ಬಿಡುವು ಕೊಟ್ಟ ಒಂದು ಭಾನುವಾರ ನಾವು ಕೆಲವು ಕನ್ನಡಿಗರು ಆ ಕೆಲಸಕ್ಕೆ ಕೂತೆವು. ಕಿಟ್ ತಂದು ಜೋಡಿಸಿದ್ದಲ್ಲ. ಅಳತೆ, ಆಕಾರ, ಸಾಮಾನು ಎಲ್ಲವೂ ಮೊದಲಿನಿಂದ ನಮ್ಮದೇ.

ರಾಕೆಟ್ ಮೋಟರುಗಳನ್ನು ಇಂಗ್ಲಿಷ್ ಅಕ್ಷರಗಳಿಂದ ವಿಂಗಡಿಸುತ್ತಾರೆ. ಅಕ್ಷರ ಒಂದೊಂದೇ ಮೇಲೇರಿದಂತೆ ಒಟ್ಟು ಆವೇಗದ, ಅಂದರೆ ತಳ್ಳನ್ನು ಉರಿಯುವ ಹೊತ್ತಿನಿಂದ ಗುಣಿಸಿದ್ದರ, ಮಿತಿ ಇಮ್ಮಡಿಯಾಗುತ್ತದೆ. ಇ ಎಂದರೆ 20ರಿಂದ 40 ನ್ಯೂಟನ್-ಸೆಕೆಂಡ್, ಎಫ್ 80ರ ತನಕ, ಜಿ 160ರ ತನಕ. ಈ ಮೂರೂ ಸೇರಿ ಮಿಡ್-ಪವರ್, ಅಂದರೆ ಮಧ್ಯಮ ಶಕ್ತಿಯ ವರ್ಗ. ಸಣ್ಣ ರಾಕೆಟ್ಟಿಗೆ ಸಾಕಾಗುವ ಬಾಲ್ಸಾ ಎಂಬ ಹಗುರ ಮರದ ಫಿನ್ನೂ (ಬಾಲದ ರೆಕ್ಕೆ) ಬಿಳಿ ಗೋಂದೂ ಇಲ್ಲಿಗೆ ಸಾಲವು.

ನಮ್ಮ ವಿನ್ಯಾಸ ಎಫ್40-7 ಮೋಟರಿಗಾಗಿ. ಸರಾಸರಿ ತಳ್ಳು 40 ನ್ಯೂಟನ್. ಉರಿದು ಮುಗಿದ 7 ಸೆಕೆಂಡಿಗೆ ಪ್ಯಾರಾಚೂಟ್ ಹೊರದೂಡುವ ಚಾರ್ಜ್. ಮೋಟರಿನ ವ್ಯಾಸ 29 ಮಿ.ಮೀ. ರಾಕೆಟ್ಟಿನ ಒಟ್ಟು ಉದ್ದ 850 ಮಿ.ಮೀ., ಅದರಲ್ಲಿ ನೋಸ್ ಕೋನ್, ಅಂದರೆ ಚೂಪು ಮೂತಿ, 170. ಕೊಳವೆಯ ಹೊರವ್ಯಾಸ 53, ಗೋಡೆ ಒಂದೂವರೆ ಮಿ.ಮೀ. ಬಟ್ಟೆಯ ಥಾನು ಸುತ್ತುವ ಕಾಗದದ ಕೊಳವೆ ಇದಕ್ಕೆ ಒದಗುತ್ತದೆ. ಲಕ್ಷ್ಮಿ ರೋಡಿನ ಅಂಗಡಿಗಳಲ್ಲಿ ಕೇಳಿದರೆ ಸಿಗುವ ವಸ್ತು. ನೇರವಾಗಿದೆಯೇ ಎಂದು ಕಲ್ಲುಹಾಸಿನ ಮೇಲೆ ಉರುಳಿಸಿ ನೋಡಿಯೇ ಆರಿಸಬೇಕು. ಫಿನ್ ಮೂರು, 3 ಮಿ.ಮೀ. ಬರ್ಚ್ ಪ್ಲೈವುಡ್: ಬುಡ 100, ತುದಿ 50, ಚಾಚು 55 ಮಿ.ಮೀ. ಪ್ಲೈಯ ಹೊರಪದರದ ಎಳೆ ಫಿನ್ನಿನ ಮುಂದಿನ ಅಂಚಿಗೆ ಸಮಾನಾಂತರವಾಗಿ ಓಡಬೇಕು. ಎಳೆ ಅಡ್ಡವಾದರೆ ವೇಗದಲ್ಲಿ ಫಿನ್ ಅದುರಿ ಬುಡದಲ್ಲೇ ಮುರಿಯುತ್ತದೆ.

ಫಿನ್ ಗುರುತು ಹಾಕಲು ಕೋನಮಾಪಕ ಬೇಡ. ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಸುತ್ತಿ ಸುತ್ತಳತೆ ತೆಗೆದರೆ 166.5 ಮಿ.ಮೀ.; ಮೂರು ಪಾಲು ಮಾಡಿದರೆ 55.5. ಆ ಮೂರು ಗುರುತಿನಿಂದ ಉದ್ದಕ್ಕೆ ಗೆರೆ ಎಳೆಯಲು ಅಲ್ಯೂಮಿನಿಯಂ ಎಲ್-ಪಟ್ಟಿಯನ್ನು ಕೊಳವೆಯ ಬೆನ್ನಿಗೆ ಕೂರಿಸಿದರೆ ಅದು ತಾನೇ ಅಕ್ಷಕ್ಕೆ ನೇರವಾಗಿ ನಿಲ್ಲುತ್ತದೆ. ಫಿನ್ನಿನ ಬುಡದಿಂದ ಚಾಚಿದ ನಾಲಗೆ ಕೊಳವೆಯಲ್ಲಿ ಕೊರೆದ ಸೀಳಿನೊಳಗೆ ಹಾಯ್ದು ಒಳಗಿನ ಮೋಟರ್ ಕೊಳವೆಯನ್ನು ಮುಟ್ಟಬೇಕು. ಮೇಲ್ಮೈಗಷ್ಟೇ ಅಂಟಿಸಿದ ಫಿನ್ ನೆಲಕ್ಕೆ ಬಡಿದ ಮೊದಲ ಸಲವೇ ಕಾಗದದ ಪದರ ಸಮೇತ ಕಿತ್ತು ಬರುತ್ತದೆ. ಅಂಟುವ ಜಾಗದ ನುಣುಪು ಕಾಗದವನ್ನು ಮೊದಲೇ ಮರಳು ಕಾಗದದಿಂದ ಉಜ್ಜಿ ತೆಗೆಯಬೇಕು. ಮೋಟರಿನ ಹತ್ತಿರ ಐದು ನಿಮಿಷದ ಎಪಾಕ್ಸಿ (ಎರಡು ದ್ರವ ಕಲಸಿ ಹಚ್ಚುವ ಅಂಟು) ಬೇಡ, ಬಿಸಿಗೆ ಮೆತ್ತಗಾಗುತ್ತದೆ. ನಿಧಾನವಾಗಿ ಗಟ್ಟಿಯಾಗುವುದೇ ಸರಿ.

ಆ ದಿನ ಫಿನ್ನಿನ ಸಂದಿಗಳಿಗೆ ಕೊನೆಯ ಎಪಾಕ್ಸಿ ಎಳೆಯುತ್ತಿದ್ದಾಗ ವಿಜಯಪುರ ಕಡೆಯ ಹುಡುಗ ಕೇಳಿದ: “ಅಣ್ಣಾ, ಇನ್ನೊಂದು ಕೈ ಹಚ್ಚಲೇನು? ಗಟ್ಟಿ ಆಗತದ.” ನಮ್ಮಲ್ಲಿ ಹಿರಿಯರಾದವರು ತಲೆಯಾಡಿಸಿದರು: “ಬ್ಯಾಡಪಾ. ಬಾಲಕ್ಕ ಹಚ್ಚಿದ್ದಕ್ಕ ಮೂತಿ ಬಡ್ಡಿ ಕಟ್ಟತದ.”

ಆ ಬಡ್ಡಿಯ ಲೆಕ್ಕ ಹೀಗೆ. ರಾಕೆಟ್ ನೇರ ಹೋಗಬೇಕಾದರೆ ತೂಕದ ಕೇಂದ್ರ, ಅಂದರೆ ಸಿಜಿ, ಗಾಳಿಯ ಒತ್ತಡದ ಕೇಂದ್ರಕ್ಕಿಂತ, ಅಂದರೆ ಸಿಪಿಗಿಂತ, ಮುಂದೆ ಇರಬೇಕು. ಎಷ್ಟು ಮುಂದೆ? ಕೊಳವೆಯ ವ್ಯಾಸದ ಒಂದರಿಂದ ಎರಡು ಪಟ್ಟು. ಕಡಿಮೆಯಾದರೆ ರಾಕೆಟ್ ತಲೆಕೆಳಗಾಗಬಹುದು. ತೀರಾ ಹೆಚ್ಚಾದರೆ ಗಾಳಿ ಬಂದ ಕಡೆಗೇ ಮೂತಿ ತಿರುಗಿಸಿ ಓರೆಯಾಗಿ ಓಡುತ್ತದೆ. ಸಿಪಿಯನ್ನು ಆಕಾರದಿಂದಲೇ ಲೆಕ್ಕ ಹಾಕುವ ಸೂತ್ರಗಳನ್ನು ಜೇಮ್ಸ್ ಬ್ಯಾರೋಮನ್ 1960ರ ದಶಕದಲ್ಲಿ ಕೊಟ್ಟರು. ಸಾಂಪೋ ನಿಸ್ಕಾನೆನ್ ತಮ್ಮ 2009ರ ಪ್ರಬಂಧಕ್ಕಾಗಿ ಬರೆದ ಓಪನ್‌ರಾಕೆಟ್ ತಂತ್ರಾಂಶ ನಿಂತಿರುವುದೂ ಅವುಗಳ ಮೇಲೆಯೇ. ಕಾಗದದ ಮೇಲೆ ಕೈಯಾರೆ ಹಾಕಿದರೂ ಅರ್ಧ ಗಂಟೆಯ ಕೆಲಸ, ಒಮ್ಮೆ ಹಾಕಲೇಬೇಕಾದ ಕೆಲಸ. ನಮ್ಮ ರಾಕೆಟ್ಟಿನ ಸಿಪಿ ಮೂತಿಯ ತುದಿಯಿಂದ 642 ಮಿ.ಮೀ.ಗೆ ಬಂತು.

ಸಿಪಿ ಆಕಾರಕ್ಕೆ ಸೇರಿದ್ದು, ಕಟ್ಟುವಾಗ ಹೆಚ್ಚು ಅಲುಗದು. ಅಲುಗುವುದು ಸಿಜಿ. ಲೆಕ್ಕದಲ್ಲಿ ಕೊಳವೆ 115 ಗ್ರಾಂ, ತಕ್ಕಡಿಯಲ್ಲಿ 142: ಅಂಟು ಕುಡಿದ ಕಾಗದ ತಂತ್ರಾಂಶ ಹಿಡಿಯುವ ರಟ್ಟಿಗಿಂತ ದಟ್ಟ. ಎಪಾಕ್ಸಿ 20 ಇದ್ದದ್ದು 45 ಆಯಿತು. ಮೋಟರ್ ಹಿಡಿಯುವ ಒಳಗಿನ ಚೌಕಟ್ಟಿಗೂ ಬಣ್ಣಕ್ಕೂ ಸೇರಿ ಇನ್ನೊಂದಿಷ್ಟು. ಮೋಟರೂ ಸೇರಿ ಒಟ್ಟು 451 ಗ್ರಾಂ ಅಂದುಕೊಂಡದ್ದು 529ಕ್ಕೆ ನಿಂತಿತು. ಮೊದಲ ವಿನ್ಯಾಸದಲ್ಲಿ ಇದು ಆಗಿಯೇ ಆಗುತ್ತದೆ. ಅದಕ್ಕೇ ಕೊನೆಯ ತೂಕ ಆಗುವ ತನಕ ಮೂತಿಯನ್ನು ಮುಚ್ಚಿ ಅಂಟಿಸಬಾರದು.

ಸಿಜಿ ನೋಡುವಾಗ ಮೋಟರ್ ಒಳಗಿರಬೇಕು. ಅದರ ಬದಲಿಗೆ 29 ಮಿ.ಮೀ. ಕೊಳವೆಯಲ್ಲಿ ಮರಳು ತುಂಬಿ 125 ಗ್ರಾಂ ಮಾಡಿದ ನಕಲಿ ಮೋಟರ್ ಇಟ್ಟೆವು. ಮಡಿಸಿದ ಪ್ಯಾರಾಚೂಟೂ ಹಗ್ಗವೂ ಹಾರುವಾಗ ಎಲ್ಲಿರುತ್ತವೋ ಅಲ್ಲೇ. ನೂಲಿನ ಕುಣಿಕೆಯಲ್ಲಿ ತೂಗುಹಾಕಿ ಸಮನಾಗುವ ತನಕ ಸರಿಸಿದಾಗ ಕುಣಿಕೆ ನಿಂತದ್ದು ಮೂತಿಯ ತುದಿಯಿಂದ 576 ಮಿ.ಮೀ.ಯಲ್ಲಿ. ಸಿಪಿಗೆ 66 ಮಿ.ಮೀ. ಅಂತರ, ಅಂದರೆ ವ್ಯಾಸದ ಒಂದೂಕಾಲು ಪಟ್ಟು. ಹಾರಬಲ್ಲದು. ಆದರೂ ಮೊದಲ ರಾಕೆಟ್ಟಿಗೆ ಒಂದೂವರೆ ಇರಲಿ ಎಂಬುದು ನಮ್ಮ ಪಟ್ಟು, ಏಕೆಂದರೆ ಸಿಪಿಯ ಲೆಕ್ಕ ರಾಕೆಟ್ ಗಾಳಿಗೆ ನೇರವಾಗಿರುವಾಗಿನದು. ಓರೆಯಾದಂತೆ ಸಿಪಿ ಮುಂದಕ್ಕೆ ಸರಿಯುತ್ತದೆ. ಸಿಜಿ 562ಕ್ಕೆ ಬರಲು ಮೂತಿಯ ತುದಿಯಿಂದ 60 ಮಿ.ಮೀ. ಒಳಗೆ 15 ಗ್ರಾಂ ಬೇಕಾಯಿತು. ಅದರಲ್ಲಿ 11 ಗ್ರಾಂ ಬಾಲದ ಹೆಚ್ಚುವರಿ 25 ಗ್ರಾಂ ಅಂಟಿಗೇ ಕಟ್ಟಿದ್ದು. ಪುಣೆಯ ಹಾರ್ಡ್‌ವೇರ್ ಪೇಟೆಯಾದ ಬೋಹರಿ ಆಳಿಯಿಂದ ತಂದ ವಾಷರುಗಳನ್ನು ಎಪಾಕ್ಸಿಯಲ್ಲಿ ಕೂರಿಸಿದೆವು, ಸ್ವಲ್ಪ ಸ್ವಲ್ಪವೇ ಸುರಿದು. ಒಮ್ಮೆಗೇ ಸುರಿದರೆ ಎಪಾಕ್ಸಿ ಕಾಯ್ದು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ 3ಡಿ ಮುದ್ರಿಸಿದ ಮೂತಿ ಸೊಟ್ಟಗಾಗುತ್ತದೆ.

ಈಗ 544 ಗ್ರಾಂ. ತಳ್ಳು ತೂಕದ ಏಳೂವರೆ ಪಟ್ಟು. ಐದು ಪಟ್ಟಿದ್ದರೆ ಸಾಕು ಎನ್ನುವುದು ರೂಢಿ. ರಾಕೆಟ್ ನೇರವಾಗಿ ಜಾರಿ ಮೇಲೇರುವ ಉಡಾವಣೆಯ ಹಳಿಯನ್ನು ಬಿಡುವಾಗ ಸೆಕೆಂಡಿಗೆ 15 ಮೀಟರ್ ವೇಗ ಬೇಕಾದರೆ ಹಳಿಯ ಉದ್ದ 1.8 ಮೀಟರ್ ಇರಬೇಕು. 1 ಮೀಟರ್ ಹಳಿಯಲ್ಲಿ ಸಿಗುವುದು 11 ಮಾತ್ರ. ಅಷ್ಟು ನಿಧಾನಕ್ಕೆ ಹೊರಟರೆ ಸಣ್ಣ ಗಾಳಿಯೂ ರಾಕೆಟ್ಟನ್ನು ಬಗ್ಗಿಸುತ್ತದೆ.

ಪ್ಯಾರಾಚೂಟ್ 80 ಸೆಂ.ಮೀ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಗಾಳಿ ಸ್ವಲ್ಪ ತೆಳು. ಸೆಕೆಂಡಿಗೆ 5 ಮೀಟರಿನಂತೆ ಇಳಿಯಲು ಲೆಕ್ಕಕ್ಕೆ ಬಂದದ್ದು 78. ಮೂತಿಯನ್ನೂ ಕೊಳವೆಯನ್ನೂ ಜೋಡಿಸುವ ಹಗ್ಗ ರಾಕೆಟ್ಟಿನ ಮೂರು ಪಟ್ಟು ಉದ್ದ, ಅಗಲವಾದ ನೈಲಾನ್ ಪಟ್ಟಿಯದು. ಸಪೂರ ಹಗ್ಗ ವೇಗದಲ್ಲಿ ಬಿಗಿದರೆ ಕೊಳವೆಯ ಬಾಯಿಯನ್ನು ಉದ್ದಕ್ಕೆ ಸೀಳುತ್ತದೆ.

ತಾರಸಿಯಲ್ಲಿ ಜನರನ್ನು ದೂರ ಸರಿಸಿ, ಸಿಜಿಗೆ 3 ಮೀಟರ್ ಹಗ್ಗ ಕಟ್ಟಿ ಸುತ್ತ ಬೀಸಿದೆವು. ಮೂತಿ ಮುಂದಾಗಿಯೇ ಸುತ್ತಿತು. ಈ ಪರೀಕ್ಷೆಯಲ್ಲಿ ಗೆದ್ದರೆ ಧೈರ್ಯ. ಸೋತರೆ ಮಾತ್ರ ತೀರ್ಪಲ್ಲ, ಬೀಸುವ ವೇಗ ಕಡಿಮೆ.

ಮೋಟರಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಘನ ಇಂಧನ 1884ರ ಸ್ಫೋಟಕ ಕಾಯ್ದೆ ಮತ್ತು 2008ರ ನಿಯಮಗಳ ವ್ಯಾಪ್ತಿಯ ಮಾತು, ಅದನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಲೋಹಗಾಂವ್ ವಾಯುಪಡೆಯ ನೆಲೆ, ಹಾಗಾಗಿ ಪುಣೆಯ ಆಕಾಶದಲ್ಲಿ ಅನುಮತಿಯಿಲ್ಲದೆ ಇಂಥದ್ದನ್ನು ಹಾರಿಸುವಂತಿಲ್ಲ. ಮನೆಯಲ್ಲಿ ಇಂಧನ ಕಲಸುವ ಮಾತೇ ಬೇಡ. ಕಾರ್ಖಾನೆಯ ಮೋಟರೇ, ಪರವಾನಗಿಯೊಂದಿಗೇ. ಅಲ್ಲಿಯ ತನಕ ಈ ರಾಕೆಟ್ಟಿನಲ್ಲಿ ಮರಳಿನ ಮೋಟರೇ ಇರುತ್ತದೆ.

ಸಿಜಿ, ಸಿಪಿ ಎರಡನ್ನೂ ಕೊಳವೆಯ ಮೇಲೆ ಶಾಯಿಯಿಂದ ಗುರುತು ಹಾಕಿದೆವು. ನೋಸ್ ಕೋನ್ ಆ ದಿನ ಹದವಾಗಿ ಕೂತಿತ್ತು, ಆದರೆ ಪುಣೆಯ ಮಳೆಗಾಲದಲ್ಲಿ ಕಾಗದದ ಕೊಳವೆ ತೇವ ಹೀರಿ ಉಬ್ಬುತ್ತದೆ. ಬಾಯಿಯ ಒಳಬದಿಗೆ ಮರಕ್ಕೆ ಹಚ್ಚುವ ಸ್ಯಾಂಡಿಂಗ್ ಸೀಲರ್ ಹಚ್ಚಿ ಒಣಗಿಸಿ, ಹಾರಿಸುವ ದಿನ ಬೆಳಿಗ್ಗೆ ಮತ್ತೆ ಕೂರಿಸಿ ನೋಡಬೇಕು: ಮೂತಿ ಹಿಡಿದು ಎತ್ತಿದರೆ ರಾಕೆಟ್ ಜಾರಬಾರದು, ಮೆಲ್ಲಗೆ ಕುಲುಕಿದರೆ ಬಿಟ್ಟುಕೊಳ್ಳಬೇಕು.