ನಂಬಿ ಸಾಲ ಪಡೆಯಬಹುದಾದ ಜಾಗ ಯಾವುದು ಎಂದು ಕೇಳುವವರಿಗೆ

“ನಮ್ಮ ಸುತ್ತಮುತ್ತ ನಂಬಿ ವೈಯಕ್ತಿಕ ಸಾಲ ಪಡೆಯಬಹುದಾದ ಒಂದು ಜಾಗ ಹೇಳಿ.” ಸಾಲದ ಕರಾರುಪತ್ರವನ್ನು ಕೊನೆಯ ಸಾಲಿನವರೆಗೂ ಓದುವ ಗೀಳು ನನಗಿದೆಯೆಂದು ಬಲ್ಲವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಿಗೆ ಬೇಕಾಗಿರುವುದು ಒಂದು ಹೆಸರು, ಆದರೆ ನಾನು ಹೆಸರು ಹೇಳುವುದಿಲ್ಲ. ನಿಶ್ಚಿತ ಸಂಬಳವಿರುವವನಿಗೆ ಹೊಂದುವ ಸಾಲ, ಒಂದು ತಿಂಗಳು ಕೈತುಂಬ ದುಡಿದು ಮರುತಿಂಗಳು ಬರಿಗೈಯಲ್ಲಿರುವವನಿಗೆ ಅದೇ ಬಡ್ಡಿಯಲ್ಲೂ ಹೊರೆಯಾಗಬಹುದು. ಹೆಸರಿನ ಬದಲು ನಾನು ಒಂದು ಮಾತು ಹೇಳುತ್ತೇನೆ: ಹಣ ಕೊಡುವಾಗ ಎಲ್ಲರೂ ಒಳ್ಳೆಯವರೇ ಆಗಿರುತ್ತಾರೆ, ಆದ್ದರಿಂದ ಕಂತು ತಪ್ಪಿದಾಗ ಅವರು ಏನು ಮಾಡುತ್ತಾರೆ ಎಂಬುದನ್ನು ಮೊದಲು ವಿಚಾರಿಸಿ.

ಇದನ್ನು ಯಾರಲ್ಲಿ ವಿಚಾರಿಸಬೇಕು ಎಂಬುದೂ ಮುಖ್ಯ. ಒಂದು ಸಂಸ್ಥೆಯನ್ನು ಶಿಫಾರಸು ಮಾಡುವ ಪರಿಚಿತರು ಸಾಮಾನ್ಯವಾಗಿ ಈಚೆಗೆ ಸಾಲ ಪಡೆದವರು. ಬೇಗ ಮಂಜೂರಾಯಿತು, ಸಿಬ್ಬಂದಿ ಮರ್ಯಾದೆಯಿಂದ ಮಾತನಾಡಿಸಿದರು ಎನ್ನುವುದಷ್ಟೇ ಅವರ ಅನುಭವ, ಕೆಲವೊಮ್ಮೆ ಹೊಸಬರನ್ನು ಕರೆತಂದುದಕ್ಕೆ ಅವರಿಗೊಂದಿಷ್ಟು ಕಮಿಷನ್ ಸಿಗುವುದೂ ಉಂಟು. ಸಾಲವನ್ನು ಪೂರ್ತಿ ತೀರಿಸಿ ಕೈತೊಳೆದುಕೊಂಡವರನ್ನು, ಸಾಧ್ಯವಾದರೆ ನಡುವೆ ಎರಡು ತಿಂಗಳು ಕಂತು ಕಟ್ಟಲಾಗದೆ ತಡವರಿಸಿದವರನ್ನು ಹುಡುಕಿ ಮಾತನಾಡಿಸಿ. ಸಾಲ ಮುಗಿದ ಮೇಲೆ ಬಾಕಿಯಿಲ್ಲ ಎಂಬ ಪತ್ರವನ್ನು ತಾನಾಗಿ ಕೊಟ್ಟರೇ, ಭದ್ರತೆಗೆಂದು ಇಟ್ಟುಕೊಂಡ ಕಾಗದಪತ್ರಗಳನ್ನು ಹಿಂದಿರುಗಿಸಲು ಎಷ್ಟು ಸಲ ಅಲೆದಾಡಿಸಿದರು ಎಂಬ ವಿಷಯಗಳು ಅವರಿಗೆ ಗೊತ್ತಿರುತ್ತವೆ. ಸಾಲಕ್ಕೆ ಬೇರೊಬ್ಬರು ಜಾಮೀನು ಹಾಕಿದ್ದರೆ ಅವರನ್ನು ಮಾತನಾಡಿಸಿದರೆ ಇನ್ನೂ ಒಳ್ಳೆಯದು.

ಪರವಾನಗಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ಬ್ಯಾಂಕು, ಹಣಕಾಸು ಕಂಪನಿ, ಸಹಕಾರ ಸಂಘ, ಖಾಸಗಿ ಲೇವಾದೇವಿಗಾರ, ಇವರಲ್ಲಿ ಯಾರನ್ನು ಯಾವ ಪ್ರಾಧಿಕಾರ ನೋಡಿಕೊಳ್ಳುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆದರೆ ಎಲ್ಲಿಯೇ ಆದರೂ ನೋಂದಣಿಯನ್ನು ಪ್ರಾಧಿಕಾರದ ಪಟ್ಟಿಯಲ್ಲಿ ನೀವೇ ನೋಡಬೇಕು, ಸಾಲ ಕೊಡುವವರು ಕಳುಹಿಸಿದ ಕೊಂಡಿಯನ್ನಾಗಲಿ ಕರಪತ್ರದಲ್ಲಿ ಅಚ್ಚಾದ ಸಂಖ್ಯೆಯನ್ನಾಗಲಿ ನೆಚ್ಚಬಾರದು, ಏಕೆಂದರೆ ಹೆಸರುವಾಸಿ ಸಂಸ್ಥೆಯ ಹೆಸರಿಗೆ ಒಂದಕ್ಷರ ಸೇರಿಸಿ ಅಂಗಡಿ ತೆರೆಯುವುದು ಈ ವ್ಯವಹಾರದ ಹಳೆಯ ಮೋಸ. ನೋಂದಣಿ ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ. ಇದ್ದರೆ, ತೊಂದರೆಯಾದಾಗ ದೂರು ಕೊಡಲು ಒಂದು ಬಾಗಿಲಿದೆ ಎಂದಷ್ಟೇ ಅರ್ಥ.

ಸಹಕಾರ ಸಂಘಗಳ ಬಗ್ಗೆ ನನಗೆ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ. 1860ರ ದಶಕದಲ್ಲಿ ಜರ್ಮನಿಯ ಹಳ್ಳಿಗಳಲ್ಲಿ ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಕಟ್ಟಿದ ಸಾಲದ ಸಂಘಗಳಲ್ಲಿ, ಸಂಘ ಮುಳುಗಿದರೆ ಅದರ ಪೂರ್ತಿ ಹೊಣೆ ಸದಸ್ಯರೆಲ್ಲರ ಮೇಲಿತ್ತು. ಅದಕ್ಕಾಗಿಯೇ ಆತ ಸಂಘದ ವ್ಯಾಪ್ತಿಯನ್ನು ಒಬ್ಬರನ್ನೊಬ್ಬರು ಬಲ್ಲಷ್ಟು ಚಿಕ್ಕದಾಗಿ ಇರಿಸಿದ. ಯಾರಿಗೆ ಎಷ್ಟು ತೀರಿಸುವ ಶಕ್ತಿಯಿದೆ ಎಂಬುದು ನೆರೆಯವನಿಗೆ ಗೊತ್ತಿದ್ದುದರಿಂದ, ಅಡವಿಡಲು ಏನೂ ಇಲ್ಲದವನಿಗೂ ಅಲ್ಲಿ ಸಾಲ ಸಿಗಲು ಸಾಧ್ಯವಾಯಿತು. ಇದೇ ವಿಚಾರ 1904ರ ಕಾನೂನಿನ ಮೂಲಕ ಭಾರತಕ್ಕೆ ಬಂದಾಗ, ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಆರಂಭಿಸಿದರು. ಅಮೆರಿಕದ ಕ್ರೆಡಿಟ್ ಯೂನಿಯನ್‌ಗಳೂ ಇದೇ ಬಳ್ಳಿಯ ಕುಡಿಗಳು, ಅಲ್ಲಿ ಒಕ್ಕೂಟ ಸರ್ಕಾರದಲ್ಲಿ ನೋಂದಾಯಿತವಾದವು ಹೆಚ್ಚಿನ ಸಾಲಗಳ ಮೇಲೆ ವರ್ಷಕ್ಕೆ ಶೇ 18ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಸಾಲಗಾರನೇ ಸಂಘದ ಒಡೆಯನೂ ಆಗಿರುವುದರಿಂದ ಅವನ ಕಷ್ಟದಲ್ಲಿ ಲಾಭ ಹುಡುಕುವ ಮೂರನೆಯವನೊಬ್ಬ ಇಲ್ಲಿರುವುದಿಲ್ಲ. ಆದರೂ ಸಹಕಾರ ಎಂಬ ಫಲಕವಿದ್ದ ಮಾತ್ರಕ್ಕೆ ನೆಚ್ಚಬೇಡಿ. ಆಡಳಿತ ಮಂಡಳಿ ಒಂದೇ ಮನೆತನದ ಕೈಯಲ್ಲಿ ಉಳಿದು, ವಾರ್ಷಿಕ ಮಹಾಸಭೆ ಕಾಗದದ ಮೇಲಷ್ಟೇ ನಡೆದು, ದೊಡ್ಡ ಸಾಲಗಳೆಲ್ಲ ನಿರ್ದೇಶಕರ ಬಂಧುಗಳಿಗೇ ಹೋಗಿರುವ ಸಂಘ ಹೆಸರಿಗಷ್ಟೇ ಸಹಕಾರಿ. ಹಿಂದಿನ ವರ್ಷದ ಲೆಕ್ಕಪರಿಶೋಧನಾ ವರದಿಯನ್ನು ಕೇಳಿ. ಅದನ್ನು ತೋರಿಸಲು ಹಿಂದೆಮುಂದೆ ನೋಡುವ ಸಂಘದಲ್ಲಿ ಸಾಲವನ್ನೂ ಪಡೆಯಬೇಡಿ, ಠೇವಣಿಯನ್ನೂ ಇಡಬೇಡಿ.

ಇನ್ನು ಬಡ್ಡಿ. ಇಲ್ಲಿ ಸುಳ್ಳು ಹೇಳದೆಯೇ ಮೋಸ ಮಾಡಬಹುದು, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ. 12,000ದ ಸಾಲ, ಹನ್ನೆರಡು ತಿಂಗಳ ಅವಧಿ, ಶೇ 10 ಫ್ಲಾಟ್ ಬಡ್ಡಿ ಎಂದಿಟ್ಟುಕೊಳ್ಳಿ. ವರ್ಷದ ಬಡ್ಡಿ 1,200ನ್ನು ಅಸಲಿಗೆ ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ ಕಂತು 1,100 ಆಗುತ್ತದೆ. ಮೇಲ್ನೋಟಕ್ಕೆ ಲೆಕ್ಕ ಸರಿಯಾಗಿದೆ. ಆದರೆ ಪ್ರತಿ ಕಂತಿನಲ್ಲೂ ನೀವು ಅಸಲನ್ನು ತೀರಿಸುತ್ತ ಬರುತ್ತೀರಿ, ಅರ್ಧ ವರ್ಷ ಕಳೆಯುವಷ್ಟರಲ್ಲಿ ಅಸಲಿನಲ್ಲಿ ಅರ್ಧದಷ್ಟು ಮಾತ್ರ ನಿಮ್ಮ ಬಳಿ ಉಳಿದಿರುತ್ತದೆ. ಹಾಗಿದ್ದೂ ಬಡ್ಡಿಯನ್ನು ಕೊನೆಯ ತಿಂಗಳವರೆಗೆ ಪೂರ್ತಿ 12,000ದ ಮೇಲೆಯೇ ಕಟ್ಟುತ್ತಿರುತ್ತೀರಿ. ಕೈಯಲ್ಲಿ ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದೇ ಸಾಲದ ವಾರ್ಷಿಕ ದರ ಸುಮಾರು ಶೇ 18. ಮೊದಲೇ ಶೇ 2ರಷ್ಟು ಪ್ರೊಸೆಸಿಂಗ್ ಶುಲ್ಕ ಮುರಿದುಕೊಂಡು 11,760 ಮಾತ್ರ ಕೈಗಿತ್ತರೆ ದರ ಶೇ 22ರ ಹತ್ತಿರಕ್ಕೆ ಏರುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಇಳಿಯುವ ಬಾಕಿಯ ಮೇಲೆ ಶೇ 16 ಎಂದು ಹೇಳಿದರೆ, ಹತ್ತಕ್ಕಿಂತ ಹದಿನಾರು ಹೆಚ್ಚಲ್ಲವೇ ಎಂದು ಅವರನ್ನು ಬಿಟ್ಟು ಬರುವವರೇ ಹೆಚ್ಚು. ಈ ಗೊಂದಲವನ್ನು ನೀಗಲೆಂದೇ ಅಮೆರಿಕದಲ್ಲಿ 1968ರ ಕಾನೂನು ಶುಲ್ಕಗಳನ್ನೂ ಒಳಗೊಂಡ ವಾರ್ಷಿಕ ದರವನ್ನು ಸಾಲಗಾರನಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ 2024ರ ಅಕ್ಟೋಬರ್ 1ರಿಂದ, ರಿಸರ್ವ್ ಬ್ಯಾಂಕಿನ ಹತೋಟಿಯಲ್ಲಿರುವ ಸಂಸ್ಥೆಗಳು ವ್ಯಕ್ತಿಗಳಿಗೆ ಕೊಡುವ ಹೊಸ ಸಾಲಗಳಿಗೆ ಇಂಥ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಕೊಡಬೇಕಾಗಿದೆ. ಪತ್ರ ಕೊಡುವ ಪದ್ಧತಿ ನಿಮ್ಮಲ್ಲಿ ಇಲ್ಲದಿದ್ದರೆ ಎರಡೇ ಅಂಕಿಗಳನ್ನು ಬರೆದುಕೊಡಲು ಕೇಳಿ: ನನ್ನ ಕೈಗೆ ಬರುವುದೆಷ್ಟು, ಕೊನೆಯ ಕಂತಿನ ಹೊತ್ತಿಗೆ ನಾನು ಕಟ್ಟಿರುವುದೆಷ್ಟು. ಬಾಯಲ್ಲಿ ಹೇಳಲು ಸಿದ್ಧರಿದ್ದು ಬರೆದುಕೊಡಲು ಒಪ್ಪದವರ ಬಗ್ಗೆ ಬೇರೆ ವಿಚಾರಣೆ ಬೇಕಿಲ್ಲ.

ಕಂತು ತಪ್ಪಿದಾಗ ಏನಾಗುತ್ತದೆ ಎಂಬ ಮೊದಲಿನ ಮಾತಿಗೆ ಬರೋಣ. ಇದಕ್ಕೆ ಉತ್ತರ ಕರಾರುಪತ್ರದಲ್ಲೇ ಇರುತ್ತದೆ, ಆದರೆ ನಾವು ಓದುವುದನ್ನು ನಿಲ್ಲಿಸಿದ ಮೇಲಿನ ಪುಟಗಳಲ್ಲಿ. ದಂಡ ತಪ್ಪಿದ ಕಂತಿನ ಮೇಲೋ ಇಡೀ ಬಾಕಿಯ ಮೇಲೋ, ಆ ದಂಡಕ್ಕೂ ಬಡ್ಡಿ ಬೆಳೆಯುತ್ತದೆಯೇ, ಅವಧಿಗೆ ಮೊದಲೇ ತೀರಿಸಿದರೆ ಶುಲ್ಕವಿದೆಯೇ ಎಂಬುದನ್ನು ನೋಡಿ. ಖಾಲಿ ಚೆಕ್ಕು, ಏನೂ ಬರೆಯದ ಕಾಗದದ ಮೇಲೆ ಸಹಿ, ಎಟಿಎಂ ಕಾರ್ಡು, ಇವುಗಳಲ್ಲಿ ಯಾವುದನ್ನು ಕೇಳಿದರೂ ಅವರ ವಸೂಲಿ ಯಾವ ದಾರಿಯದು ಎಂದು ಅಂದೇ ತಿಳಿಯಬೇಕು. ಮೊಬೈಲ್ ಆ್ಯಪ್‌ಗಳ ವಿಷಯದಲ್ಲಿ ಇದೇ ಪರೀಕ್ಷೆ ಇನ್ನೊಂದು ರೂಪದಲ್ಲಿರುತ್ತದೆ: ಸಾಲ ತೀರಿಸುವ ನಿಮ್ಮ ಶಕ್ತಿಯನ್ನು ಅಳೆಯಲು ನಿಮ್ಮ ಫೋನಿನಲ್ಲಿರುವ ನೂರಾರು ಸಂಪರ್ಕಸಂಖ್ಯೆಗಳು ಬೇಕಾಗುವುದಿಲ್ಲ, ನಾಳೆ ನಿಮ್ಮ ಬಂಧುಮಿತ್ರರಿಗೆ ಕರೆ ಮಾಡಿ ಮಾನ ಕಳೆಯಲು ಮಾತ್ರ ಬೇಕಾಗುತ್ತವೆ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ಡಿಜಿಟಲ್ ಸಾಲದ ನಿಯಮಗಳಲ್ಲಿ ಇಂಥ ಪಟ್ಟಿಯನ್ನು ಮುಟ್ಟಬಾರದೆಂದು ಹೇಳಿರುವುದು ಸುಮ್ಮನೆ ಅಲ್ಲ. ಸಾಲ ಮಂಜೂರಾಗಿದೆ, ವಿಮೆಗೋ ತೆರಿಗೆಗೋ ಮುಂಗಡವಾಗಿ ಇಷ್ಟು ಕಳುಹಿಸಿ ಎಂದು ಅಪರಿಚಿತ ಖಾತೆಯ ಸಂಖ್ಯೆ ಕೊಡುವವರ ಬಳಿ ಕೊಡಲು ಸಾಲವೇ ಇರುವುದಿಲ್ಲ.

ಗುಂಪು ಸಾಲ, ಅಂದರೆ ಐದಾರು ಜನ ಒಬ್ಬರಿಗೊಬ್ಬರು ಹೊಣೆಯಾಗಿ ಪಡೆಯುವ ಸಾಲ, ಕಾಗದಪತ್ರವಿಲ್ಲದವರಿಗೆ ನಿಜವಾಗಿ ನೆರವಾಗಿದೆ. ಆದರೆ ಅಲ್ಲಿ ಕಂತು ತಪ್ಪಿದ ದಿನ ಬಾಗಿಲಿಗೆ ಬರುವವಳು ದಿನವೂ ಮುಖ ನೋಡಬೇಕಾದ ನೆರೆಯವಳೇ ಆಗಿರುತ್ತಾಳೆ. ಹೊರಗಿನವರ ಒತ್ತಡಕ್ಕಿಂತ ಇದು ಹಗುರ ಎಂದು ನಾನು ಹೇಳಲಾರೆ. ಬಂಧುಗಳ ಕೈಸಾಲದಲ್ಲೂ ಇದೇ ಕಷ್ಟವಿದೆ. ಮೊತ್ತ ಮತ್ತು ತೀರಿಸುವ ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸಂಬಂಧಕ್ಕೆ ಅವಮಾನವೇನೂ ಆಗುವುದಿಲ್ಲ.

“ಇದೆಲ್ಲ ನೋಡಲು ಸಮಯವೆಲ್ಲಿದೆ, ನಾಳೆ ಬೆಳಿಗ್ಗೆ ಹಣ ಕಟ್ಟಬೇಕು” ಎನ್ನುವವರೂ ಇದ್ದಾರೆ. ಅವರಿಗೆ ನಾನು ಮೊದಲು ಕೇಳುವುದು, ಆ ಹಣವನ್ನು ಯಾರಿಗೆ ಕಟ್ಟಬೇಕಾಗಿದೆ ಎಂದು. ಆಸ್ಪತ್ರೆಗೋ, ಕಾಲೇಜಿಗೋ, ಮನೆಯ ಮಾಲೀಕರಿಗೋ ಆಗಿದ್ದರೆ, ಸಾಲ ಹುಡುಕಿಕೊಂಡು ಹೊರಡುವ ಮೊದಲು ಅವರ ಬಳಿಯೇ ಹೋಗಿ ಒಂದು ಭಾಗವನ್ನು ಈಗ ಕೊಡುತ್ತೇನೆ, ಉಳಿದುದಕ್ಕೆ ಮೂರು ಕಂತು ಮಾಡಿಕೊಡಿ ಎಂದು ಲಿಖಿತವಾಗಿ ಕೇಳುವುದು ಒಳಿತು. ಅವರು ಒಪ್ಪಿದರೆ ಬಹುತೇಕ ಬಡ್ಡಿಯೇ ಇರುವುದಿಲ್ಲ, ಒಪ್ಪದಿದ್ದರೆ ಹೋಗುವುದು ಅರ್ಧ ದಿನ.